ಉಪವಾಸದ ಮೀನಿಗೆ ಉಪಚಾರ

ಪ್ರತಿ ವರ್ಷ ಜನವರಿ 15ರಂದು ಸ್ಕಾಟ್ಲೆಂಡಿನ ಟೇ ನದಿಯಲ್ಲಿ ಸಾಲ್ಮನ್ ಮೀನಿಗೆ ಗಾಳ ಹಾಕುವ ಋತು ವಿಧ್ಯುಕ್ತವಾಗಿ ಆರಂಭವಾಗುತ್ತದೆ. ಬ್ಯಾಗ್‌ಪೈಪ್ ಊದುವವರು ಮುಂದೆ, ದಪ್ಪ ಟ್ವೀಡ್ ಕೋಟು ತೊಟ್ಟ ಗಣ್ಯರು ಹಿಂದೆ ನಡೆದು ನೀರಿನಂಚಿಗೆ ಬಂದು, ದೋಣಿಗೆ ವಿಸ್ಕಿಯ ಅಭಿಷೇಕ ಮಾಡಿ, ಉಳಿದದ್ದನ್ನು ತಾವು ಸ್ವೀಕರಿಸಿ, ಕೊರೆಯುವ ಚಳಿಯಲ್ಲಿ ಆ ವರ್ಷದ ಮೊದಲ ಗಾಳವನ್ನು ಎಸೆಯುತ್ತಾರೆ. ಈ ಸಮಾರಂಭಕ್ಕೆ ಸಾಮಾನ್ಯವಾಗಿ ಗೈರುಹಾಜರಾಗುವುದು ಮೀನು ಮಾತ್ರ. ಜನವರಿ ನಡುವಿನಲ್ಲಿ ನದಿಗೆ ಬಂದಿರುವ ಸಾಲ್ಮನ್‌ಗಳು ಬಹಳ ಕಡಿಮೆ; ಅಪ್ಪಿತಪ್ಪಿ ಒಂದು ಸಿಕ್ಕರೂ ಮಾರ್ಚ್ ಮುಗಿಯುವವರೆಗೆ ಅದನ್ನು ಜೀವಂತವಾಗಿ ನೀರಿಗೆ ಬಿಡಲೇಬೇಕೆಂಬುದು ಕಾನೂನು. ಮನೆಗೆ ಏನನ್ನೂ ಒಯ್ಯಲಾಗದ ಎರಡೂವರೆ ತಿಂಗಳನ್ನು ಇಷ್ಟು ಸಡಗರದಿಂದ ಬರಮಾಡಿಕೊಳ್ಳುವ ಜನ ಭೂಮಿಯ ಮೇಲೆ ಇನ್ನೆಲ್ಲಿಯೂ ಇರಲಿಕ್ಕಿಲ್ಲ.

ಈ ವ್ಯವಹಾರದ ಅಡಿಪಾಯ ಬೀಟ್. ನದಿಯನ್ನು ಉದ್ದಕ್ಕೂ ತುಂಡು ತುಂಡಾಗಿ ಹಂಚಿ, ಒಂದೊಂದು ತುಂಡಿಗೂ ಒಂದು ಹೆಸರು, ಅದರೊಳಗಿನ ಒಂದೊಂದು ಮಡುವಿಗೂ ಇನ್ನೊಂದು ಹೆಸರು ಕೊಟ್ಟು, ವಾರದ ಲೆಕ್ಕದಲ್ಲಿ ಬಾಡಿಗೆಗೆ ಬಿಡಲಾಗುತ್ತದೆ. ಸ್ಕಾಟ್ಲೆಂಡಿನ ಕಾನೂನಿನಲ್ಲಿ ಸಾಲ್ಮನ್ ಹಿಡಿಯುವ ಹಕ್ಕು ದಡದ ಜಮೀನಿಗಿಂತ ಬೇರೆಯಾದ, ಮೂಲದಲ್ಲಿ ದೊರೆಯಿಂದ ಬಂದ ಒಂದು ಸ್ಥಿರಾಸ್ತಿ. ಅದನ್ನು ಪಿತ್ರಾರ್ಜಿತವಾಗಿ ಪಡೆಯಬಹುದು, ಮಾರಬಹುದು, ಅಡವಿಡಬಹುದು. ಆದರೆ ನೀರಿನಲ್ಲಿ ಈಜುತ್ತಿರುವ ಮೀನು ಮಾತ್ರ ಹಿಡಿಯುವ ತನಕ ಯಾರ ಸೊತ್ತೂ ಅಲ್ಲ. ಗಾಳದಲ್ಲಿ ಹಿಡಿದ ಸಾಲ್ಮನ್ ಅನ್ನು ಮಾರುವುದು 2002ರಿಂದ ಅಪರಾಧ. 2016ರಿಂದ ಪ್ರತಿ ನದಿಗೂ ವರ್ಷ ವರ್ಷ ದರ್ಜೆ ನಿಗದಿಯಾಗುತ್ತಿದ್ದು, ಮೂರನೆಯ ದರ್ಜೆಯ ನದಿಯಲ್ಲಿ ಸಿಕ್ಕ ಮೀನನ್ನು ಇಟ್ಟುಕೊಳ್ಳುವಂತೆಯೂ ಇಲ್ಲ. ಮೊದಲ ದರ್ಜೆಯ ನದಿಯಲ್ಲಿ ಇಟ್ಟುಕೊಳ್ಳಬಹುದಾದರೂ ಹಾಗೆ ಮಾಡುವವನನ್ನು ಗಿಲ್ಲಿ, ಅಂದರೆ ಬೀಟಿನ ನದಿಯಾಳು, ಯಾವ ಕಣ್ಣಿನಿಂದ ನೋಡುತ್ತಾನೆಂಬುದನ್ನು ಊಹಿಸಿಕೊಳ್ಳಬಹುದು. ಅದೇ 2016ರಲ್ಲಿ ಕಡಲತೀರದ ಬಲೆಗಾರರಿಗೆ ಸಾಲ್ಮನ್ ಹಿಡಿದಿಟ್ಟುಕೊಳ್ಳುವುದನ್ನು ನಿಷೇಧಿಸಲಾಯಿತು. ತಿನ್ನುವವರಿಗಾಗಿ ಮೀನು ಹಿಡಿಯುತ್ತಿದ್ದವರು ಹೀಗೆ ಮನೆಗೆ ಹೋದರು. ತಿನ್ನದೆ, ಮಾರದೆ, ಕೇವಲ ಹಿಡಿಯುವುದಕ್ಕಾಗಿ ಹಿಡಿಯುವವರು ನದಿಯಲ್ಲಿ ಉಳಿದರು. ಒಳ್ಳೆಯ ಬೀಟಿನ ಒಳ್ಳೆಯ ವಾರಕ್ಕೆ ಸಾವಿರಾರು ಪೌಂಡ್ ತೆತ್ತು ಅವರು ಕೊಳ್ಳುತ್ತಿರುವುದು, ಯಾರದ್ದೂ ಅಲ್ಲದ ಒಂದು ಮೀನನ್ನು ಬಿಟ್ಟುಬಿಡುವ ಹಕ್ಕನ್ನು.

ಬೀಟಿನ ಬೆಲೆಯನ್ನು ಐದು ವರ್ಷಗಳಲ್ಲಿ ಅಲ್ಲಿ ಸಿಕ್ಕ ಮೀನುಗಳ ಸರಾಸರಿಯ ಮೇಲೆ ಅಳೆಯುವ ರೂಢಿಯಿದೆ. ಬೆಳಿಗ್ಗೆ ಬಿಟ್ಟ ಮೀನು ವಾರದ ನಂತರ ಮೇಲಿನ ಮಡುವಿನಲ್ಲಿ ಮತ್ತೆ ಗಾಳಕ್ಕೆ ಬಿದ್ದರೆ ಪುಸ್ತಕದಲ್ಲಿ ಅದು ಎರಡು ಮೀನು. ಮೀನಿನ ಆರೋಗ್ಯದ ಬಗ್ಗೆ ಮಾಲೀಕರಿಗಿರುವ ಕಳಕಳಿಯನ್ನು ಶಂಕಿಸುವ ಕಾರಣವೇ ಇಲ್ಲ.

ಇನ್ನು ಈ ಮೀನಿನ ಸ್ಥಿತಿಯನ್ನು ನೋಡೋಣ. ಗ್ರೀನ್‌ಲ್ಯಾಂಡಿನ ತನಕ ಹೋಗಿ ತಿಂದು ಕೊಬ್ಬಿದ ಸಾಲ್ಮನ್ ಹುಟ್ಟಿದ ನದಿಯನ್ನು ಹುಡುಕಿಕೊಂಡು ಮರಳಿ ಸಿಹಿನೀರಿಗೆ ಕಾಲಿಟ್ಟ ಕೂಡಲೇ ಆಹಾರವನ್ನು ತ್ಯಜಿಸುತ್ತದೆ. ಚಳಿಗಾಲದ ಕೊನೆಯಲ್ಲಿ ನದಿಗೆ ಬಂದ ಮೀನು ಮೊಟ್ಟೆಯಿಡುವುದು ನವೆಂಬರ್ ಸುಮಾರಿಗೆ. ಅಲ್ಲಿಯವರೆಗೆ ಅದರದ್ದು ನಿರಾಹಾರ ವ್ರತ. ಮೈಯ ಕೊಬ್ಬನ್ನು ಕರಗಿಸಿಕೊಂಡೇ ಪ್ರವಾಹದ ವಿರುದ್ಧ ಈಜಬೇಕು, ಹೊಟ್ಟೆಯೊಳಗೆ ಮೊಟ್ಟೆಗಳನ್ನು ಬೆಳೆಸಬೇಕು, ಕೊನೆಗೆ ಬಹುಪಾಲು ಸಾಯಬೇಕು. ಹೀಗೆ ಹಸಿವನ್ನೇ ತೊರೆದ ಪ್ರಾಣಿಗೆ ಆಹಾರದ ಆಮಿಷ ಒಡ್ಡುವುದರ ಮೇಲೆ ಈ ಇಡೀ ಕ್ರೀಡೆ ನಿಂತಿದೆ. ಅದು ಗಾಳವನ್ನು ಯಾಕೆ ಕಚ್ಚುತ್ತದೆಂದು ಯಾರಿಗೂ ಖಚಿತವಾಗಿ ಗೊತ್ತಿಲ್ಲ: ಸಿಟ್ಟಿನಿಂದ ಎನ್ನುವವರಿದ್ದಾರೆ, ಹಳೆಯ ಅಭ್ಯಾಸಬಲದಿಂದ ಎನ್ನುವವರಿದ್ದಾರೆ, ಕುತೂಹಲದಿಂದ ಎನ್ನುವವರೂ ಇದ್ದಾರೆ. ಬೀಟಿನ ಗುಡಿಸಲಿನಲ್ಲಿ ಬೆಂಕಿ ಕಾಯಿಸುತ್ತ ಈ ಮೂರು ಸಿದ್ಧಾಂತಗಳನ್ನು ಚರ್ಚಿಸುವುದಕ್ಕೆ ಬೇಕಾದಷ್ಟು ಬಿಡುವನ್ನು ಮೀನು ಒದಗಿಸುತ್ತದೆ.

ಆ ಆಮಿಷವೂ ನಿಜವಾದದ್ದಲ್ಲ. ಗರಿ, ರೋಮ, ರೇಷ್ಮೆ, ಜರಿಗಳನ್ನು ಕೊಕ್ಕೆಗೆ ಸುತ್ತಿ ಮಾಡಿದ ಹುಸಿ ನೊಣ. ಯಾವ ನದಿಯ ಯಾವ ನೊಣವನ್ನೂ ಹೋಲದ ಈ ಅಲಂಕಾರಗಳಲ್ಲಿ ನಮಗೂ ಒಂದು ಪಾಲಿದೆ. ಜಾಕ್ ಸ್ಕಾಟ್ ಎಂಬ ಹತ್ತೊಂಬತ್ತನೆಯ ಶತಮಾನದ ಪ್ರಸಿದ್ಧ ಹುಸಿ ನೊಣದ ಪಕ್ಕಗಳಿಗೆ ಕಟ್ಟುತ್ತಿದ್ದದ್ದು ದಕ್ಷಿಣ ಭಾರತದ ಬೂದು ಕಾಡುಕೋಳಿಯ ಕತ್ತಿನ ಗರಿ. ಮೇಣದಂತೆ ಮಿನುಗುವ ಚುಕ್ಕೆಯುಳ್ಳ ಆ ಗರಿಗಾಗಿ ನಮ್ಮ ಪಶ್ಚಿಮ ಘಟ್ಟದ ಹುಂಜಗಳ ಕತ್ತಿನ ಚರ್ಮ ಹಡಗು ಹತ್ತಿ ಹೋಗುತ್ತಿದ್ದ ಕಾಲವೊಂದಿತ್ತು. ರಫ್ತಿಗೆ ತಡೆ ಬಿದ್ದ ಮೇಲೆ ಬ್ರಿಟನ್ನಿನಲ್ಲಿ ಅದೇ ಕೋಳಿಯನ್ನು ಗರಿಗಾಗಿಯೇ ಸಾಕತೊಡಗಿದರು. ಸಕಲೇಶಪುರದ ಕಾಡಿನಲ್ಲಿ ಕೂಗುವ ಕೋಳಿಗೆ, ತಾನೆಂದೂ ಕಾಣದ ನದಿಯಲ್ಲಿ, ಹಸಿವಿಲ್ಲದ ಮೀನೊಂದನ್ನು ಮೋಸಗೊಳಿಸುವ ಹೊಣೆ ಹೇಗೆ ಬಂತೆಂದು ಕೇಳಿದರೆ, ಸಾಮ್ರಾಜ್ಯ ಎಂಬುದಕ್ಕಿಂತ ಬೇರೆ ಉತ್ತರ ಹೊಳೆಯುವುದಿಲ್ಲ.

ಮೀನು ಕಚ್ಚಿತೆನ್ನಿ. ಅಲ್ಲಿಂದ ಮುಂದೆ ಆರಂಭವಾಗುವುದು ಉಪಚಾರ. ಕೊಕ್ಕೆಗೆ ಹಿಮ್ಮುಳ್ಳು ಇರಕೂಡದು. ಮೀನನ್ನು ಹೆಚ್ಚು ಹೊತ್ತು ಆಡಿಸಿ ದಣಿಸಕೂಡದು. ಒಣ ಕೈಯಿಂದ ಮುಟ್ಟಕೂಡದು. ಛಾಯಾಚಿತ್ರಕ್ಕಾಗಿ ನೀರಿನಿಂದ ಎತ್ತಿ ಹಿಡಿಯಕೂಡದು. ತಲೆಯನ್ನು ಪ್ರವಾಹಕ್ಕೆ ಎದುರಾಗಿಟ್ಟು, ಅದು ತಾನಾಗಿ ಬಾಲ ಬೀಸಿ ಹೊರಡುವವರೆಗೆ ಎರಡೂ ಕೈಗಳಲ್ಲಿ ಆಧರಿಸಿ ನಿಲ್ಲಬೇಕು. ತಣ್ಣನೆಯ ನೀರಿನಲ್ಲಿ ಹೀಗೆ ನಾಜೂಕಾಗಿ ಬಿಟ್ಟ ಮೀನುಗಳಲ್ಲಿ ಹೆಚ್ಚಿನವು ಬದುಕುತ್ತವೆ ಎಂಬುದನ್ನು ನ್ಯಾಯವಾಗಿ ಒಪ್ಪಿಕೊಳ್ಳಬೇಕು. ಕೊಂದು ಒಯ್ಯುವುದಕ್ಕಿಂತ ಬಿಡುವುದು ಮೇಲೆಂಬುದರಲ್ಲೂ ತಕರಾರಿಲ್ಲ. 1994ರಲ್ಲಿ ನೂರರಲ್ಲಿ ಹತ್ತು ಸಾಲ್ಮನ್‌ಗಳಿಗೂ ಈ ಭಾಗ್ಯ ಇರಲಿಲ್ಲ, 2023ರಲ್ಲಿ 96ಕ್ಕೆ ದೊರೆಯಿತು. ಸ್ಕಾಟ್ಲೆಂಡಿನ ಗಾಳಗಳಿಗೆ 2010ರಲ್ಲಿ 1 ಲಕ್ಷ 10 ಸಾವಿರಕ್ಕೂ ಹೆಚ್ಚು ಸಾಲ್ಮನ್‌ಗಳು ಸಿಕ್ಕಿದ್ದವು. 2023ರಲ್ಲಿ ಸಿಕ್ಕಿದ್ದು 32,477, ಲೆಕ್ಕ ಇಡಲು ಆರಂಭಿಸಿದ 1952ರಿಂದ ಆವರೆಗೆ ಅತ್ಯಂತ ಕಡಿಮೆ. ಅದೇ ವರ್ಷದ ಡಿಸೆಂಬರಿನಲ್ಲಿ ಬ್ರಿಟನ್ನಿನ ಸಾಲ್ಮನ್ ಅಳಿವಿನಂಚಿನ ಜೀವಿಗಳ ಅಂತರರಾಷ್ಟ್ರೀಯ ಪಟ್ಟಿಗೆ ಸೇರಿತು. ಶೇಕಡಾವಾರಿನಲ್ಲಿ ಪುಣ್ಯ ಏರುತ್ತಿದೆ, ಮೀನು ಇಳಿಯುತ್ತಿದೆ. ಎರಡನ್ನೂ ಒಂದೇ ವಾರ್ಷಿಕ ವರದಿಯಲ್ಲಿ ಅಚ್ಚುಹಾಕುವಾಗ ಯಾವುದನ್ನು ಮೊದಲ ಪುಟಕ್ಕೆ ಹಾಕುತ್ತಾರೆಂದು ಹೇಳಬೇಕಾಗಿಲ್ಲ.

ನದಿಯ ನೀರು 20 ಡಿಗ್ರಿ ಸೆಲ್ಸಿಯಸ್ ಸಮೀಪಿಸಿದರೆ ಮಾತ್ರ ಈ ಉಪಚಾರ ಫಲಿಸುವುದಿಲ್ಲ. ಬಿಸಿನೀರಿನಲ್ಲಿ ಸೆಣಸಿ ಸೋತ ಮೀನು ಬಿಟ್ಟ ಮೇಲೂ ಸಾಯಬಹುದು. ಆದ್ದರಿಂದ ಬೇಸಿಗೆಯ ಬಿಸಿ ದಿನಗಳಲ್ಲಿ ಗಾಳ ಹಾಕಬೇಡಿರೆಂದು ವಿನಂತಿ ಹೊರಡುತ್ತದೆ. ವಾರದ ಬಾಡಿಗೆಯನ್ನು ಮುಂಗಡವಾಗಿ ಕಟ್ಟಿ, ಲಂಡನ್ನಿನಿಂದ ಬಂದು, ಸೊಂಟದವರೆಗಿನ ರಬ್ಬರ್ ಷರಾಯಿ ತೊಟ್ಟು ನಿಂತವನು ಉಷ್ಣಮಾಪಕವನ್ನು ಎಷ್ಟು ಗೌರವದಿಂದ ಓದುತ್ತಾನೆಂಬುದು ಅವನ ಸಂಸ್ಕಾರಕ್ಕೆ ಬಿಟ್ಟದ್ದು. ಸ್ಕಾಟ್ಲೆಂಡಿನ ಡೀ ನದಿಗೆ ನೆರಳು ನೀಡಲೆಂದು 2035ರೊಳಗೆ ಹತ್ತು ಲಕ್ಷ ಮರಗಳನ್ನು ನೆಡುವ ಯೋಜನೆಯೊಂದು ನಡೆದಿದೆ. ನಿಜಕ್ಕೂ ಒಳ್ಳೆಯ ಕೆಲಸ. ಈ ಲೇಖನದಲ್ಲಿ ಕುಹಕವಿಲ್ಲದೆ ಹೇಳಬಹುದಾದ ಕೆಲವೇ ಸಂಗತಿಗಳಲ್ಲಿ ಇದೂ ಒಂದು. ಮರಗಳು ಬೆಳೆಯುವವರೆಗೆ ಮೀನುಗಳು ದಯವಿಟ್ಟು ಸಹಕರಿಸಬೇಕು.

ರೋಗದ ಮಾತಿಗೆ ಬಂದರೆ ಶಿಷ್ಟಾಚಾರ ಇನ್ನೂ ಗಂಭೀರವಾಗುತ್ತದೆ. 1960ರ ದಶಕದಲ್ಲಿ ಐರ್ಲೆಂಡಿನಲ್ಲಿ ಕಾಣಿಸಿಕೊಂಡು ಸ್ಕಾಟ್ಲೆಂಡಿಗೂ ಹರಡಿದ ಚರ್ಮದ ಹುಣ್ಣಿನ ರೋಗವೊಂದು ಮೀನುಗಳ ತಲೆಯನ್ನು ಕೊರೆದು, ಆ ಗಾಯದ ಮೇಲೆ ಬಿಳಿ ಬೂಷ್ಟು ಬೆಳೆದು, ನದಿ ನದಿಗಳಲ್ಲಿ ಹೆಣಗಳನ್ನು ತೇಲಿಸಿತ್ತು. ಅದರ ಮೂಲಕಾರಣ ಇಂದಿಗೂ ಇತ್ಯರ್ಥವಾಗಿಲ್ಲ. 2019ರಲ್ಲಿ ಹೊಟ್ಟೆಯ ಮೇಲೆ ಕೆಂಪು ಕಲೆಗಳುಳ್ಳ ಮೀನುಗಳು ಬರತೊಡಗಿದಾಗ, ಅಂಥದ್ದು ಸಿಕ್ಕರೆ ಚಿತ್ರ ತೆಗೆದು ಅಧಿಕಾರಿಗಳಿಗೆ ಕಳುಹಿಸಿ, ಮೀನನ್ನು ಆದಷ್ಟು ಕಡಿಮೆ ಮುಟ್ಟಿ, ಬೇಗ ನೀರಿಗೆ ಬಿಡಬೇಕೆಂದು ಗಾಳ ಹಾಕುವವರಿಗೆ ಸೂಚನೆ ಹೋಯಿತು. ರೋಗಿಯನ್ನು ತುಟಿಗೆ ಕೊಕ್ಕೆ ಹಾಕಿ ತಪಾಸಣೆಗೆ ಎಳೆತಂದು, ಹೊಟ್ಟೆಯ ಫೋಟೋ ತೆಗೆದು, ವಿಶ್ರಾಂತಿ ಅತ್ಯಗತ್ಯ ಎಂದು ಬರೆದುಕೊಟ್ಟು ಮರಳಿ ಹೊಳೆಗೆ ತಳ್ಳುವ ಈ ಚಿಕಿತ್ಸಾ ಪದ್ಧತಿಯನ್ನು ಬೇರೆ ಯಾವ ವೈದ್ಯಶಾಸ್ತ್ರವೂ ಇನ್ನೂ ಅಳವಡಿಸಿಕೊಂಡಿಲ್ಲ.

ಗಡಿಯಾಚೆಯ ಭಯವೂ ಇದೆ. ಅರ್ಧ ಮಿಲಿಮೀಟರಿನಷ್ಟಿರುವ ಗೈರೋಡಾಕ್ಟಿಲಸ್ ಸಲಾರಿಸ್ ಎಂಬ ಪರೋಪಜೀವಿ 1970ರ ದಶಕದಲ್ಲಿ ಸಾಕಣೆಯ ಮರಿಗಳೊಂದಿಗೆ ನಾರ್ವೆಗೆ ಬಂದು ಹತ್ತಾರು ನದಿಗಳ ಸಾಲ್ಮನ್ ಮರಿಗಳನ್ನು ತಿಂದುಹಾಕಿತು. ಮೀನಿಲ್ಲದಿದ್ದರೆ ಹುಳುವೂ ಇರುವುದಿಲ್ಲ ಎಂಬ ತರ್ಕದ ಮೇಲೆ ನಾರ್ವೆ ಸರ್ಕಾರ ನದಿಗಳಿಗೆ ರೋಟೆನೋನ್ ವಿಷ ಹರಿಸಿ ಎಲ್ಲ ಮೀನುಗಳನ್ನೂ ಕೊಂದು, ಆಮೇಲೆ ಕಾಪಿಟ್ಟ ತಳಿಯಿಂದ ಮತ್ತೆ ಮೀನು ತುಂಬಿತು. ಉಪಾಯ ಹಲವು ನದಿಗಳಲ್ಲಿ ಫಲಿಸಿತು. ಹುಳುವಿನಿಂದ ಆಗಿದ್ದಕ್ಕಿಂತ ಪೂರ್ಣವಾದ ಸಾವು ಔಷಧದಿಂದ ಆದರೂ ನದಿ ಗುಣವಾಯಿತು. ಬ್ರಿಟನ್ನಿಗೆ ಆ ಹುಳು ಇನ್ನೂ ಬಂದಿಲ್ಲ. ಬರಬಾರದೆಂದು ಬೀಟುಗಳ ಬಾಗಿಲಲ್ಲಿ ಸೋಂಕುನಿವಾರಕದ ತೊಟ್ಟಿಗಳಿವೆ. ಹೊರದೇಶದಲ್ಲಿ ಗಾಳ ಹಾಕಿ ಬಂದವನು ತನ್ನ ಕೋಲು, ದಾರ, ಬೂಟು, ಬಲೆಗಳನ್ನು ತೊಳೆದು ಒಣಗಿಸಿದ್ದೇನೆಂದು ಸಹಿ ಹಾಕಿ ಕೊಡಬೇಕಾಗುವ ನದಿಗಳಿವೆ.

ಸಹಿ ಹಾಕಬೇಕಾಗಿಲ್ಲದವರು ಸ್ಕಾಟ್ಲೆಂಡಿನ ಪಶ್ಚಿಮ ಕರಾವಳಿಯಲ್ಲಿ ಸಾಲ್ಮನ್ ಸಾಕುವ ಕಡಲ ಪಂಜರಗಳಲ್ಲಿದ್ದಾರೆ. 2020ರ ಆಗಸ್ಟಿನ ಎಲೆನ್ ಚಂಡಮಾರುತಕ್ಕೆ ಕ್ಯಾರಡೇಲ್ ಬಳಿಯ ಸಾಕಣೆಯೊಂದರಿಂದ ಸುಮಾರು 48,800 ಸಾಲ್ಮನ್‌ಗಳು ಬೂಟು ತೊಳೆಯದೆಯೇ ಸಮುದ್ರಕ್ಕೆ ಹೊರಟುಹೋದವು. ಇಡೀ ದೇಶದ ಗಾಳಗಳು ಒಂದು ವರ್ಷದಲ್ಲಿ ಹಿಡಿದದ್ದಕ್ಕಿಂತ ಹೆಚ್ಚು ಮೀನು ಒಂದು ರಾತ್ರಿಯಲ್ಲಿ ತಪ್ಪಿಸಿಕೊಳ್ಳಬಲ್ಲದು. 2022ರಲ್ಲಿ ಸ್ಕಾಟ್ಲೆಂಡಿನ ಪಂಜರಗಳಲ್ಲಿ ಮಾರಾಟಕ್ಕೆ ಮುನ್ನವೇ ಸತ್ತ ಸಾಲ್ಮನ್‌ಗಳ ಸಂಖ್ಯೆ ಒಂದು ಕೋಟಿಯನ್ನು ಮೀರಿತ್ತು. ಇವಕ್ಕೆ ಪ್ರವಾಹದತ್ತ ತಲೆ ತಿರುಗಿಸಿ ಹಿಡಿಯುವ ಒದ್ದೆ ಕೈಗಳಿಲ್ಲ. ಮೈಗಂಟಿದ ಕಡಲ ಹೇನನ್ನು ಬಿಡಿಸಲು ಸುಮಾರು 30 ಡಿಗ್ರಿಯ ಬೆಚ್ಚನೆಯ ನೀರಿನಲ್ಲಿ ಅರ್ಧ ನಿಮಿಷ ಸ್ನಾನ ಮಾಡಿಸುವ ಯಂತ್ರಗಳಿವೆ. ಹೇನು ಹೆಕ್ಕಲು ರ‍್ಯಾಸ್ ಎಂಬ ಬೇರೊಂದು ಕಾಡುಮೀನನ್ನು ಹಿಡಿದು ತಂದು ಪಂಜರದೊಳಗೆ ನೌಕರಿಗೆ ಇಡುವ ವ್ಯವಸ್ಥೆಯಿದೆ. ನದಿಯಲ್ಲಿ 20 ಡಿಗ್ರಿಗೆ ಗಾಬರಿಯಾಗುವ ಒಂದೇ ಜಾತಿಯ ಮೀನಿಗೆ ಸಮುದ್ರದಲ್ಲಿ 30 ಡಿಗ್ರಿ ಚಿಕಿತ್ಸೆಯಾಗುತ್ತದೆ.

ಈ ಹೇನಿನ ಸಾಮಾಜಿಕ ಸ್ಥಾನಮಾನ ಪ್ರತ್ಯೇಕ ಅಧ್ಯಯನಕ್ಕೆ ಅರ್ಹವಾದದ್ದು. ಪಂಜರದ ಬಳಿ ಅದು ಪಿಡುಗು. ಕಡಲಿಗೆ ಹೊರಟ ಕಾಡುಮರಿಗಳ ಪಾಲಿಗೆ ಮೃತ್ಯು. ಆದರೆ ಸಿಹಿನೀರಿನಲ್ಲಿ ಕೆಲವೇ ದಿನಗಳಲ್ಲಿ ಉದುರಿಹೋಗುವುದರಿಂದ, ಬಾಲದ ಬಳಿ ಹೇನು ಅಂಟಿಕೊಂಡಿರುವ ಮೀನು ಈಗಷ್ಟೇ ಸಮುದ್ರದಿಂದ ಬಂದ ತಾಜಾ ಮೀನೆಂದು ಬೀಟಿನಲ್ಲಿ ಅದಕ್ಕೆ ವಿಶೇಷ ಮರ್ಯಾದೆ. ಹೇನಿದ್ದ ಮೀನು ಹಿಡಿದೆನೆಂದು ಸಂಜೆ ಹೋಟೆಲಿನಲ್ಲಿ ಹೇಳಿಕೊಳ್ಳುವಾತನ ಮುಖದ ಕಾಂತಿಯನ್ನು ಕಂಡರೆ, ಪರೋಪಜೀವಿಯೊಂದು ಇಷ್ಟು ಗೌರವಾನ್ವಿತ ಪ್ರಮಾಣಪತ್ರವಾಗಿರುವ ಇನ್ನೊಂದು ಸಮಾಜವಿಲ್ಲವೆಂದು ಅನ್ನಿಸುತ್ತದೆ. ಎಲ್ಲಕ್ಕೂ ಪಂಜರವೇ ಕಾರಣವೆಂದು ಬೈಯುವುದೂ ಸರಿಯಲ್ಲ. ಸಾಕಣೆಗಳಿಲ್ಲದ ಪೂರ್ವ ಕರಾವಳಿಯ ಟೇ, ಡೀ, ಸ್ಪೇ ನದಿಗಳಲ್ಲೂ ಮೀನು ಕುಸಿದಿದೆ. ಕಡಲಿಗೆ ಹೋದ ನೂರು ಮರಿಗಳಲ್ಲಿ ಐದೂ ಮರಳುತ್ತಿಲ್ಲ. ಬಿಸಿಯಾಗುತ್ತಿರುವ ಅಟ್ಲಾಂಟಿಕ್ ಸಾಗರವನ್ನು ಸೋಂಕುನಿವಾರಕದ ತೊಟ್ಟಿಯಲ್ಲಿ ಅದ್ದಲಾಗದ ಕಾರಣ, ಕೈಗೆಟಕುವ ಬೂಟುಗಳನ್ನು ಅದ್ದಲಾಗುತ್ತಿದೆ.

ಬೆಸಸಂಖ್ಯೆಯ ವರ್ಷಗಳಲ್ಲಿ ಇನ್ನೊಂದು ಪರೀಕ್ಷೆ ಇರುತ್ತದೆ. ಸೋವಿಯತ್ ಒಕ್ಕೂಟ ಹಿಂದೆ ಬಿಳಿ ಸಮುದ್ರದ ನದಿಗಳಿಗೆ ತಂದು ಬಿಟ್ಟ ಶಾಂತಸಾಗರದ ಗುಲಾಬಿ ಸಾಲ್ಮನ್ 2017ರಿಂದ ಎರಡು ವರ್ಷಕ್ಕೊಮ್ಮೆ ಸ್ಕಾಟ್ಲೆಂಡಿಗೂ ಬರುತ್ತಿದೆ. ಬಾಲದಲ್ಲಿ ದೊಡ್ಡ ಕಪ್ಪು ಚುಕ್ಕೆಗಳಿದ್ದರೆ ಕೊಲ್ಲಬೇಕು, ಇಲ್ಲದಿದ್ದರೆ ಉಪಚರಿಸಿ ಬಿಡಬೇಕು. ಬಿಡುವುದನ್ನೇ ವರ್ಷಗಟ್ಟಲೆ ಕಲಿತ ಕೈಗಳಿಗೆ ಈಗ ಬಾಲ ನೋಡಿ ಪೌರತ್ವ ತೀರ್ಮಾನಿಸುವ ಹೊಣೆ.

ಇಷ್ಟೆಲ್ಲ ನಿಯಮಗಳಿಗೆ ಮುಂಚಿನ ಕಾಲದಲ್ಲಿ, 1922ರ ಅಕ್ಟೋಬರ್ 7ರಂದು, ಟೇ ನದಿಯ ಗ್ಲೆನ್‌ಡೆಲ್ವಿನ್ ಬೀಟಿನಲ್ಲಿ ಜಾರ್ಜಿನಾ ಬ್ಯಾಲಂಟೈನ್ ಎಂಬಾಕೆ ಎರಡು ಗಂಟೆಗೂ ಹೆಚ್ಚು ಕಾಲ ಸೆಣಸಿ 64 ಪೌಂಡ್ ತೂಕದ ಸಾಲ್ಮನ್ ಹಿಡಿದಳು. ಬ್ರಿಟನ್ನಿನ ಆ ದಾಖಲೆಯನ್ನು ಈವರೆಗೆ ಯಾವ ಪ್ರಭುವೂ ಮುರಿದಿಲ್ಲ. ಆಕೆ ಬಾಡಿಗೆದಾರಳಲ್ಲ, ಗಿಲ್ಲಿಯ ಮಗಳು. ಮೀನು ಸ್ಕಾಟ್ಲೆಂಡಿನದೇ ಪರ್ತ್ ಊರಿನ ಆಸ್ಪತ್ರೆಗೆ ಹೋಯಿತು. ಅಲ್ಲಿನ ರೋಗಿಗಳೂ ಸಿಬ್ಬಂದಿಯೂ ಊಟ ಮಾಡಿದರು. ಇಂದಿನ ಸಂಹಿತೆಯ ಪ್ರಕಾರ ಆಕೆ ಮೀನನ್ನು ಅತಿಯಾಗಿ ದಣಿಸಿದ್ದಕ್ಕೆ ಕ್ಷಮೆ ಕೇಳಿ, ತೂಗದೆಯೇ ನೀರಿಗೆ ಬಿಡಬೇಕಾಗುತ್ತಿತ್ತು.

2024ರ ಜೂನ್‌ನಲ್ಲಿ ಮೀನು ಬರುತ್ತಿಲ್ಲವೆಂದು ಕಂಡ ಕೂಡಲೇ ನಾರ್ವೆ ನಡು ಋತುವಿನಲ್ಲೇ 33 ನದಿಗಳನ್ನು ಗಾಳಕ್ಕೆ ಮುಚ್ಚಿಬಿಟ್ಟಿತು. ಇಂಥ ಒರಟು ನಿರ್ಧಾರಗಳು ಸ್ಕಾಟ್ಲೆಂಡಿನ ಸೌಜನ್ಯಕ್ಕೆ ಒಗ್ಗುವುದಿಲ್ಲ. ಅಲ್ಲಿ ಮೀನಿಗೆ ವಾರಕ್ಕೊಂದು ದಿನ, ಭಾನುವಾರ, ಧರ್ಮದ ರಜೆಯಿದೆ. ಹೇನುಗಳಿಗೆ ಅದು ಅನ್ವಯಿಸುವುದಿಲ್ಲವಷ್ಟೆ. ಸೋಮವಾರದಿಂದ ಶನಿವಾರದವರೆಗೆ ನೀರಿನಲ್ಲಿ ನಿಂತು ಒಂದೂ ಮೀನು ಕಾಣದವನು ಗಿಲ್ಲಿಗೆ ಇನಾಮು ಕೊಟ್ಟು, ಮೀನಿನ ಪುಸ್ತಕದಲ್ಲಿ ಸೊನ್ನೆ ಬರೆದು, ಮುಂದಿನ ವರ್ಷ ಇದೇ ವಾರ ಬೇರೆಯವರ ಪಾಲಾಗದಂತೆ ತನಗೇ ಕಾಯ್ದಿರಿಸಬೇಕೆಂದು ಮುಂಗಡ ಕಟ್ಟಿ ಹೊರಡುತ್ತಾನೆ.