ಗಡಿಯಾರದ ಸೆಲ್ಲು ನಾಲ್ಕು

ನಮ್ಮ ಗಂಗಾವತಿ ಕಡೆ ಅಂಗಡಿಗೆ ಹೋಗಿ ‘ಬ್ಯಾಟ್ರಿ ಕೊಡ್ರಿ’ ಅಂದರೆ ಟಾರ್ಚ್ ತಂದು ಕೈಗಿಡುತ್ತಾರೆ. ಅದರ ಹೊಟ್ಟೆಗೆ ಹಾಕುವುದು ಬೇಕಿದ್ದರೆ ‘ಸೆಲ್ಲು’ ಅನ್ನಬೇಕು. ಸೆಲ್ಲಿನಲ್ಲೂ ಜಾತಿಗಳಿವೆ. ಟಾರ್ಚಿಗೆ ಹಾಕುವ ದಪ್ಪನೆಯದು ದೊಡ್ಡ ಸೆಲ್ಲು. ಗೋಡೆ ಗಡಿಯಾರಕ್ಕೆ ಹಾಕುವುದು ಗಡಿಯಾರದ ಸೆಲ್ಲು. ಕಿರುಬೆರಳಿನಷ್ಟು ಸಣ್ಣದು ರಿಮೋಟಿನ ಸೆಲ್ಲು. ಎಎ, ಎಎಎ ಅಂತ ಕೇಳಿದಿರೋ, ಈ ಮನುಷ್ಯ ಯಾಕೆ ತೊದಲುತ್ತಿದ್ದಾನೆ ಅಂತ ಅಂಗಡಿಯವನು ಮುಖ ನೋಡುತ್ತಾನೆ.

ನನ್ನ ಫಜೀತಿ ಶುರುವಾದದ್ದು ಅಲ್ಲೇ. ‘ರಿಮೋಟಿಗೆ ನಾಲ್ಕು ಸೆಲ್ಲು ಕೊಡ್ರಿ’ ಅಂದೆ. ಸಣ್ಣವನ್ನು ಕೊಟ್ಟ. ‘ಇವಲ್ಲ, ನಂದು ದೊಡ್ಡ ರಿಮೋಟು’ ಅಂದೆ.

‘ಎಸೀದೇನ್ರಿ?’

‘ಅಲ್ರಿ, ವಿಮಾನದ್ದು.’

ಆತ ನನ್ನನ್ನು ಮೇಲಿಂದ ಕೆಳಗೆ ನೋಡಿದ. ನಲವತ್ತಾರು ವರ್ಷ, ಮುಂದೆ ಬಂದ ಹೊಟ್ಟೆ, ಜೇಬಿನಲ್ಲಿ ರೈಸ್ ಮಿಲ್ಲಿನ ಲೆಕ್ಕದ ಚೀಟಿ. ‘ಮಗಂದೇನ್ರಿ?’ ಅಂತ ತಾನೇ ಒಂದು ದಾರಿ ತೋರಿಸಿದ. ‘ಹ್ಞೂಂ’ ಅಂದೆ. ಮಗನಿಗೆ ಅದರಲ್ಲಿ ಎಳ್ಳಷ್ಟೂ ಆಸಕ್ತಿ ಇಲ್ಲ. ಅಂದಿನಿಂದ ಸುಮ್ನೆ ‘ಗಡಿಯಾರದ ಸೆಲ್ಲು ನಾಲ್ಕು’ ಅಂತಲೇ ಕೇಳುತ್ತೇನೆ. ಮೂರನೇ ಸಲಕ್ಕೆ ಆತ ತಡೆಯಲಾರದೆ, ‘ಮನ್ಯಾಗ ಎಷ್ಟು ಗಡಿಯಾರ ಅದಾವ್ರಿ ನಿಮ್ದು?’ ಅಂತ ಕೇಳಿಯೇಬಿಟ್ಟ.

ನನ್ನದು ಫೋಮಿನ ವಿಮಾನ. ರೆಕ್ಕೆಯ ತುದಿಯಿಂದ ತುದಿಗೆ ಒಂದು ಮೀಟರಿಗಿಂತ ಸ್ವಲ್ಪ ಜಾಸ್ತಿ. ಭತ್ತ ಕೊಯ್ದು ಗದ್ದೆ ಖಾಲಿಯಾದ ಮೇಲೆ, ಭಾನುವಾರ ಬೆಳಿಗ್ಗೆ ಗಾಳಿ ಏಳುವ ಮೊದಲು, ಗೆಳೆಯನ ಹೊಲದಲ್ಲಿ ಹಾರಿಸುತ್ತೇನೆ. ಈ ಹುಚ್ಚು ಇರುವವರೆಲ್ಲ ತಲೆ ಕೆಡಿಸಿಕೊಳ್ಳುವುದು ಮೇಲೆ ಹೋಗುವ ಬ್ಯಾಟರಿ ಬಗ್ಗೆ. ಅದು ಲಿಪೋ, ಅಂದರೆ ಲಿಥಿಯಂ ಪಾಲಿಮರ್ ಬ್ಯಾಟರಿ. ಅದಕ್ಕೆ ಬೇರೆ ಚಾರ್ಜರ್, ಬೆಂಕಿಗೆ ಜಗ್ಗದ ಚೀಲ, ಮದುಮಗನ ಉಪಚಾರ. ಇಷ್ಟೆಲ್ಲ ಮಾಡಿಸಿಕೊಂಡು ಹತ್ತು ನಿಮಿಷಕ್ಕೆ ಬರಿದಾಗುತ್ತದೆ. ಕೈಯಲ್ಲಿ ಹಿಡಿದ ಟ್ರಾನ್ಸ್‌ಮಿಟರಿನ, ಅಂದರೆ ಆ ದೊಡ್ಡ ರಿಮೋಟಿನ, ನಾಲ್ಕು ಸೆಲ್ಲು ಮಾತ್ರ ಮದುವೆ ಮನೆಯ ಅಡುಗೆಯವನ ಹಾಗೆ. ಊಟ ಕೆಟ್ಟಾಗಲೇ ‘ಯಾರ್ರೀ ಅಡಿಗಿ ಮಾಡಿದವ್ರು?’ ಅಂತ ಕೇಳುವುದು.

ನನ್ನ ಊಟ ಕೆಟ್ಟದ್ದು ಒಂದು ಜನವರಿಯಲ್ಲಿ. ಹಿಂದಿನ ಬೇಸಿಗೆಯಲ್ಲಿ ಹಾಕಿದ್ದ ಆಲ್ಕಲೈನ್ ಸೆಲ್ಲುಗಳನ್ನು ತೆಗೆಯದೆ ಟ್ರಾನ್ಸ್‌ಮಿಟರನ್ನು ಅಟ್ಟದ ಮೇಲಿಟ್ಟಿದ್ದೆ. ನಮ್ಮ ಏಪ್ರಿಲ್, ಮೇ ಗೊತ್ತಲ್ಲ, ನಲವತ್ತು ಡಿಗ್ರಿ ದಾಟುತ್ತದೆ. ತಗಡಿನ ಕೆಳಗಿನ ಅಟ್ಟದಲ್ಲಿ ಇನ್ನೂ ಜಾಸ್ತಿ. ಆನ್ ಮಾಡಿದಾಗ ಪರದೆ ಬೆಳಗಿತು, ಅಷ್ಟೇ ಸಾಕು ಅಂತ ಹಾರಿಸಿದೆ. ಎರಡನೇ ಸುತ್ತಿನಲ್ಲಿ ಪರದೆ ಪಕ್ಕನೆ ಆರಿತು. ಕೈಲಿದ್ದದ್ದು ಬರೀ ಪ್ಲಾಸ್ಟಿಕ್ ಡಬ್ಬಿ ಆಯಿತು. ಸಂಕೇತ ತಪ್ಪಿದರೆ ಮೋಟರ್ ನಿಲ್ಲಿಸು ಅಂತ ವಿಮಾನದೊಳಗಿನ ರಿಸೀವರಿಗೆ ಮೊದಲೇ ಹೇಳಿಟ್ಟಿದ್ದೆ, ಅದು ಮಾತು ಉಳಿಸಿಕೊಂಡಿತು. ವಿಮಾನ ಸದ್ದಿಲ್ಲದೆ ತೇಲುತ್ತ ಪಕ್ಕದ ಗದ್ದೆಗೆ ಹೋಯಿತು. ಅಲ್ಲಿ ಕಾಲುವೆ ನೀರು ಬಿಟ್ಟು, ಕೆಸರು ಮಾಡಿ, ಎರಡನೇ ಬೆಳೆಗೆ ನಾಟಿ ನಡೆದಿತ್ತು. ಬಗ್ಗಿ ಸಸಿ ಹಚ್ಚುತ್ತಿದ್ದ ಹೆಣ್ಣುಮಕ್ಕಳು ಒಮ್ಮೆಲೇ ನೆಟ್ಟಗಾದರು. ‘ಯವ್ವಾ, ಹದ್ದು ಬಿತ್ತಬೇ!’ ಅಂದಳು ಒಬ್ಬಳು. ಪ್ಯಾಂಟು ಮಡಿಸಿಕೊಂಡು ಮೊಣಕಾಲುದ್ದ ಕೆಸರಿನಲ್ಲಿ ನಾನು ಹೋಗುವುದನ್ನು ನೋಡಿ ಅವರು ನಕ್ಕ ನಗು ಇನ್ನೂ ಕಿವಿಯಲ್ಲಿದೆ.

ಮನೆಗೆ ಬಂದು ಹಿಂದಿನ ಮುಚ್ಚಳ ತೆಗೆದೆ. ಒಂದು ಸೆಲ್ಲಿನ ತಳದಲ್ಲಿ ಬಿಳಿ ಹಿಟ್ಟು. ಸ್ಪ್ರಿಂಗಿನ ಮೇಲೆ ಹಸಿರು ಕಿಲುಬು. ಸೆಲ್ಲಿನಲ್ಲಿ ಜೀವ ಇನ್ನೂ ಇತ್ತು. ಆದರೆ ಆ ಪುಡಿಯ ನಡುವೆ ಸ್ಪ್ರಿಂಗು ಒಮ್ಮೆ ತಾಗುತ್ತಿತ್ತು, ಒಮ್ಮೆ ಇಲ್ಲ. ಆಲ್ಕಲೈನಿನಿಂದ ಸೋರುವುದು ಕ್ಷಾರ, ಅದಕ್ಕೆ ಹುಳಿಯೇ ಮದ್ದು. ಹಳೆ ಹಲ್ಲುಜ್ಜುವ ಬ್ರಷ್ಷಿಗೆ ನಿಂಬೆರಸ ಹಚ್ಚಿ ತಿಕ್ಕಿದೆ. ಸಣ್ಣಗೆ ಬುರುಗು ಬಂತು. ಒದ್ದೆ ಬಟ್ಟೆಯಿಂದ ಒರೆಸಿ, ಫ್ಯಾನಿನ ಕೆಳಗೆ ಒಣಗಿಸಿದೆ. ಚಿತ್ರಾನ್ನಕ್ಕೆ ತೆಗೆದಿಟ್ಟಿದ್ದ ನಿಂಬೆಹಣ್ಣು ಅದು ಅಂತ ಆಮೇಲೆ ಗೊತ್ತಾಯಿತು.

ನಮ್ಮಪ್ಪ ಕಟ್ಟೆಯ ಮೇಲೆ ಕೂತು ಇದನ್ನೆಲ್ಲ ನೋಡುತ್ತಿದ್ದ. ಆತ ಸೆಲ್ಲಿನ ವಿಷಯದಲ್ಲಿ ಹಳೆ ಪೈಲ್ವಾನ. ತುಂಗಭದ್ರಾ ಎಡದಂಡೆ ಕಾಲುವೆ ನೀರಿನ ಪಾಳಿ ಬರುತ್ತಿದ್ದದ್ದು ರಾತ್ರಿ ಎರಡಕ್ಕೋ ಮೂರಕ್ಕೋ. ಮೂರು ಸೆಲ್ಲಿನ ಬ್ಯಾಟ್ರಿ ಹಿಡಿದು ಬದುವಿನ ಮೇಲೆ ಹೋಗುತ್ತಿದ್ದ. ಸೆಲ್ಲು ಸೋತರೆ ಎಸೆಯುವ ಮಾತೇ ಇಲ್ಲ. ಮಾಳಿಗೆ ಮೇಲೆ ಶಾವಿಗೆ ಪಕ್ಕದಲ್ಲಿ ಬಿಸಿಲಿಗೆ ಇಡುವುದು. ಬಿಸಿಯಾದರೆ ಒಳಗಿನ ರಾಸಾಯನಿಕ ಕ್ರಿಯೆ ಸ್ವಲ್ಪ ಚುರುಕಾಗುತ್ತದೆ, ಇನ್ನೆರಡು ರಾತ್ರಿ ಬೆಳಕು ಸಿಗುತ್ತದೆ. ಅದೂ ಸಾಲದಾದರೆ ಹಲ್ಲಿನಿಂದ ಕಚ್ಚುವುದು. ನಮ್ಮನೆಯ ಸೆಲ್ಲುಗಳ ಮೇಲೆಲ್ಲ ಅಪ್ಪನ ಹಲ್ಲಿನ ಗುರುತು ಇರುತ್ತಿತ್ತು.

‘ನಮ್ ಸೆಲ್ಲು ಹೇಳಿ ಹೋಗ್ತಿದ್ವು ತಮ್ಮಾ’ ಅಂದ ಅಪ್ಪ. ‘ಬೆಳಕು ಕೆಂಪಗಾತಂದ್ರ ಮನಿ ಕಡಿ ತಿರುಗೂದು. ನಿಂವು ಹೇಳದಂಗ ಹೊಕ್ಕಾವು.’

ಆ ಒಂದು ಮಾತು ನನ್ನ ಇಡೀ ಆಯ್ಕೆಯನ್ನೇ ತಿರುಗಿಸಿತು. ಅಲ್ಲಿತನಕ ನಾನು ನೋಡುತ್ತಿದ್ದದ್ದು ಯಾವ ಸೆಲ್ಲು ಜಾಸ್ತಿ ದಿನ ಬರುತ್ತದೆ ಅಂತ. ಈಗಿನ 2.4 ಗಿಗಾಹರ್ಟ್ಸ್ ತರಂಗದ ಟ್ರಾನ್ಸ್‌ಮಿಟರ್ ಸೆಟ್ಟುಗಳಿಗೆ ಅದು ದೊಡ್ಡ ಪ್ರಶ್ನೆಯೇ ಅಲ್ಲ. ಉದ್ದನೆಯ ಏರಿಯಲ್ ಎಳೆದು ಹಾರಿಸುತ್ತಿದ್ದ ಹಳೆ ಸೆಟ್ಟುಗಳು ಎಂಟೆಂಟು ಸೆಲ್ಲು ನುಂಗುತ್ತಿದ್ದವು. ನನ್ನದಕ್ಕೆ ನಾಲ್ಕು ಸಾಕು, ಭಾನುವಾರಕ್ಕೊಂದು ಸಲ ಅಂದರೆ ವಾರಗಟ್ಟಲೆ ಬರುತ್ತವೆ. ಕೇಳಬೇಕಾದದ್ದು, ಹೋಗುವಾಗ ಹೇಳಿ ಹೋಗುತ್ತದೋ ಇಲ್ಲವೋ ಅಂತ.

ಹೊಸ ಆಲ್ಕಲೈನ್ ನಾಲ್ಕು ಸೇರಿದರೆ 6 ವೋಲ್ಟ್. ಅಲ್ಲಿಂದ ಮುದುಕರು ಮೆಟ್ಟಿಲಿಳಿದ ಹಾಗೆ ನಿಧಾನ ಇಳಿಯುತ್ತದೆ. ನನ್ನ ಸೆಟ್ಟು 4.2ಕ್ಕೆ ಕೂಗುತ್ತದೆ. ಹೇಳಿ ಹೋಗುವುದರಲ್ಲಿ ಅದೇ ಮೇಲು. ಸೋರುವ ಚಟ ಒಂದು ಇಲ್ಲದಿದ್ದರೆ ಅದಕ್ಕೇ ಕಟ್ಟುಬೀಳುತ್ತಿದ್ದೆ. ಚಾರ್ಜ್ ಆಗುವ ನಿಕಲ್ ಮೆಟಲ್ ಹೈಡ್ರೈಡ್ ಸೆಲ್ಲು ತಲಾ 1.2, ನಾಲ್ಕಕ್ಕೆ 4.8. ಪರದೆಯ ಮೇಲೆ ಮೊದಲ ದಿನವೇ ಅರ್ಧ ಖಾಲಿ ಅಂತ ತೋರಿಸಿ ಹೆದರಿಸುತ್ತದೆ. ಆದರೆ ಅಲ್ಲೇ ಗಟ್ಟಿಯಾಗಿ ನಿಂತಿರುತ್ತದೆ. ಕೊನೆಗೆ ಮಾತ್ರ ಬೇಗ ಜಾರುತ್ತದೆ. ಕೂಗಿಗೂ ಕೊನೆಯುಸಿರಿಗೂ ನಡುವೆ ವಿಮಾನ ಇಳಿಸುವಷ್ಟು ಹೊತ್ತು ಸಿಗುತ್ತದೆ, ಹರಟೆಗೆ ಹೊತ್ತಿಲ್ಲ.

ಈಚೆಗೆ ಬಂದಿರುವ 1.5 ವೋಲ್ಟಿನ ಲಿಥಿಯಂ ಚಾರ್ಜಬಲ್ ಸೆಲ್ಲು ನೋಡಿ ಆಸೆಯಾಗಿತ್ತು. ಒಳಗೆ ಪುಟ್ಟ ಸರ್ಕ್ಯೂಟ್ ಕೂತು ಕೊನೆತನಕ 1.5 ಅನ್ನೇ ಕೊಡುತ್ತಿರುತ್ತದೆ. ಆಮೇಲೆ ಒಮ್ಮೆಲೇ ಸೊನ್ನೆ. ಟ್ರಾನ್ಸ್‌ಮಿಟರ್ ಪಾಪ ಎಲ್ಲಾ ಚೆನ್ನಾಗಿದೆ ಅಂದುಕೊಂಡೇ ಕಣ್ಣು ಮುಚ್ಚುತ್ತದೆ. ಗೊಂಬೆ, ಟಾರ್ಚಿಗೆ ಹಾಕಿಕೊಳ್ಳಿ, ಮೇಲೆ ಏನೋ ಹಾರುತ್ತಿರುವಾಗ ಬೇಡ. 14500 ಅಂತ ಇನ್ನೊಂದಿದೆ, ನೋಡಲು ಗಡಿಯಾರದ ಸೆಲ್ಲಿನ ತದ್ರೂಪ, ಆದರೆ ಒಂದೊಂದೂ 3.7 ವೋಲ್ಟ್. ನಾಲ್ಕು ಹಾಕಿದರೆ ಹೊಗೆ ಗ್ಯಾರಂಟಿ.

ಕೊನೆಗೆ ನಿಂತದ್ದು ನಿಕಲ್ಲಿಗೆ. ಅದರಲ್ಲೂ ಸುಮ್ನೆ ಕೂತಲ್ಲೇ ಬೇಗ ಚಾರ್ಜ್ ಕಳೆದುಕೊಳ್ಳದ ಬಗೆ. ಹಳೆ ನಿಕಲ್ ಸೆಲ್ಲನ್ನು ಚಾರ್ಜ್ ಮಾಡಿ ಒಂದೆರಡು ತಿಂಗಳು ಮರೆತರೆ, ಬಾಯಿ ತೆರೆದಿಟ್ಟ ಕೊಡದ ನೀರಿನಂತೆ ತಾನೇ ಇಳಿದಿರುತ್ತಿತ್ತು. ನಮ್ಮ ಸೆಖೆಗೆ ಇನ್ನೂ ಬೇಗ. 2005ರಲ್ಲಿ ಜಪಾನಿನ ಸ್ಯಾನ್ಯೋ ಕಂಪನಿ ಎನೆಲೂಪ್ ಅನ್ನುವ ಸೆಲ್ಲು ತಂದ ಮೇಲೆ ಆ ಕಷ್ಟ ತಪ್ಪಿತು. ಈಗ ಅದೇ ಬಗೆಯವು ಹಲವು ಹೆಸರಲ್ಲಿ ಸಿಗುತ್ತವೆ. ನಾನು 2000 ಎಂಎಎಚ್ ಆಸುಪಾಸಿನದು ಕೊಳ್ಳುತ್ತೇನೆ, ಸೆಲ್ಲು ಎಷ್ಟು ಚಾರ್ಜ್ ಹಿಡಿಯುತ್ತದೆ ಅನ್ನುವ ಅಳತೆ ಅದು. ದೊಡ್ಡ ಅಂಕಿ ಬರೆದವು ಸಾಮಾನ್ಯವಾಗಿ ಕಡಿಮೆ ಸಲ ಚಾರ್ಜ್ ತಡೆಯುತ್ತವೆ. ಹೆಸರಿಲ್ಲದ ಸೆಲ್ಲಿನ ಮೇಲೆ ಬರೆದ ಅಂಕಿಯಂತೂ ಮದುವೆ ದಲ್ಲಾಳಿ ಹೇಳುವ ಸಂಬಳ.

ನಾಲ್ಕಕ್ಕೂ ಮಾರ್ಕರಿನಿಂದ ತಾರೀಖು ಬರೆದು, ಜೊತೆಗೇ ಹಾಕಿ, ಜೊತೆಗೇ ತೆಗೆಯುತ್ತೇನೆ. ಹೊಸದರ ಜೊತೆ ಹಳೆಯದನ್ನು ಬೆರೆಸುವುದು ಹೋರಿಗೂ ಮುದಿ ಎತ್ತಿಗೂ ಒಂದೇ ನೊಗ ಕಟ್ಟಿದ ಹಾಗೆ. ಸೋತದ್ದನ್ನು ಉಳಿದ ಮೂರು ಎಳೆದಾಡಿ ಸಾಯಿಸುತ್ತವೆ. ಶನಿವಾರ ರಾತ್ರಿ ಚಾರ್ಜಿಗೆ ಇಡುತ್ತೇನೆ, ಎಷ್ಟೋ ಶನಿವಾರ ಆಗಲೇ ಕರೆಂಟು ಹೋಗುತ್ತದೆ. ಪಕ್ಕದ ರಾಯಚೂರು ಜಿಲ್ಲೆಯ ಶಕ್ತಿನಗರದಲ್ಲಿ 1720 ಮೆಗಾವ್ಯಾಟ್ ಸ್ಥಾವರ ಇಟ್ಟುಕೊಂಡು ನಾಲ್ಕು ಸೆಲ್ಲಿಗೆ ಕಾಯುತ್ತ ಕೂರುವ ಸುಖ ನಮ್ಮದು.

ಅದಕ್ಕೇ ಚೀಲದಲ್ಲಿ ಒಂದು ಆಲ್ಕಲೈನ್ ಪ್ಯಾಕೆಟ್ ಇಟ್ಟಿರುತ್ತೇನೆ. ಬಳಸಿದರೂ ಸಂಜೆಗೇ ತೆಗೆದುಬಿಡುತ್ತೇನೆ. ಟ್ರಾನ್ಸ್‌ಮಿಟರ್ ಬೇಡ ಅಂದ ಸೆಲ್ಲು ಪಡಸಾಲೆ ಗಡಿಯಾರಕ್ಕೆ ಇನ್ನೂ ತಿಂಗಳುಗಟ್ಟಲೆ ಆಗುತ್ತದೆ. ಅಂಗಡಿಯವನಿಗೆ ಹೇಳಿದ್ದು ಅಷ್ಟರಮಟ್ಟಿಗೆ ನಿಜವೇ.

ಮೊನ್ನೆ ಅದೂ ಸೋತಿತು. ಸೆಕೆಂಡಿನ ಮುಳ್ಳು ಒಂಬತ್ತರ ಹತ್ತಿರ ಏರಲಾರದೆ ಅಲ್ಲೇ ಟಿಕ್ ಟಿಕ್ ಅಂತ ತುಡಿಯುತ್ತಿತ್ತು. ಅಪ್ಪ ಕುರ್ಚಿ ಹತ್ತಿ ಗಡಿಯಾರ ಇಳಿಸಿದ. ಸೆಲ್ಲು ತೆಗೆದು, ನಾನು ನೋಡುತ್ತಿಲ್ಲ ಅಂದುಕೊಂಡು ಮೆಲ್ಲಗೆ ಬಾಯಿಗೆ ಒಯ್ದ. ಉಳಿದಿರುವುದು ಮುಂದಿನ ಮೂರು ಹಲ್ಲು. ‘ಈಗಿನ ಸೆಲ್ಲು ಭಾಳ ಗಟ್ಟಿ ಬಿಡು’ ಅಂತ ಮಾಳಿಗೆಗೆ ಒಯ್ದು ಬಿಸಿಲಿಗಿಟ್ಟು ಬಂದ.