ಚೀಲದ ಮೇಲೆ ಯಾರ ಹೆಸರು?

ಮೊನ್ನೆ ಕುಶಾಲನಗರದ ಕಡೆ ಒಂದು ಕ್ಯೂರಿಂಗ್ ವರ್ಕ್ಸ್‌ಗೆ, ಅಂದರೆ ಕಾಫಿಯ ಸಿಪ್ಪೆ ತೆಗೆದು ಬೀಜ ವಿಂಗಡಿಸುವ ಕಾರ್ಖಾನೆಗೆ ಹೋಗಿದ್ದೆ. ನಮ್ಮ ರೋಬಸ್ಟಾ ಚೆರ್ರಿಯ (ಒಣಗಿಸಿದ ಕಾಫಿ ಹಣ್ಣಿನ) ಔಟ್‌ಟರ್ನ್, ಅಂದರೆ ಅದರಿಂದ ಎಷ್ಟು ಬೀಜ ಸಿಗುತ್ತದೆ ಎಂದು ನೋಡಿಸಬೇಕಿತ್ತು. ಸ್ಯಾಂಪಲ್ ಆಗುವವರೆಗೆ ಸುಮ್ನೆ ಒಳಗೆ ಓಡಾಡಿದೆ. ಹಿಂದಿನ ಶೆಡ್‌ನಲ್ಲಿ ಹೆಂಗಸರು ಸಾಲಾಗಿ ಕೂತು ಕಪ್ಪು ಬೀಜ, ಒಡಕು ಬೀಜ ಆರಿಸುತ್ತಿದ್ದರು. ಅವರ ಕೈ ದಾಟಿದ ಚೀಲ ಮಂಗಳೂರು ಬಂದರಿಗೆ, ಅಲ್ಲಿಂದ ಇಟಲಿಗೆ. "ಎಷ್ಟು ಜನ ಹೆಂಗಸರಿದ್ದಾರೆ ಇಲ್ಲಿ?" ಎಂದು ಸೂಪರ್‌ವೈಸರನ್ನು ಕೇಳಿದೆ. "ಹಾಜರಿ ಪುಸ್ತಕದಲ್ಲಿದೆ ಮೇಡಂ, ಎಣಿಸಿಲ್ಲ" ಎಂದರು.

ಆ ಮಾತು ಇನ್ನೂ ಕೊರೆಯುತ್ತಿದೆ. ಪುಸ್ತಕದಲ್ಲಿದೆ, ಎಣಿಸಿಲ್ಲ.

ಸರಕು ಹೊರದೇಶಕ್ಕೆ ಕಳಿಸುವಾಗ ಕಸ್ಟಮ್ಸ್‌ಗೆ ಕೊಡುವ ಶಿಪ್ಪಿಂಗ್ ಬಿಲ್ ನೋಡಿ. ಕಾಫಿಯ ಕೋಡ್ 0901, ತೂಕ, ಬೆಲೆ, ಬಂದರು, ಯಾವ ದೇಶಕ್ಕೆ, ರಫ್ತುದಾರರ ಐಇಸಿ ನಂಬರ್ (ಆಮದು ರಫ್ತು ಮಾಡುವವರ ಗುರುತಿನ ಸಂಖ್ಯೆ). ಅಷ್ಟೇ. ಕಸ್ಟಮ್ಸ್ ಎಣಿಸುವುದು ಸರಕನ್ನು, ಜನರನ್ನಲ್ಲ. ಈಗ ಐಇಸಿ ಅಂದರೆ ಪ್ಯಾನ್ ನಂಬರೇ. ಪ್ಯಾನ್‌ನ ನಾಲ್ಕನೇ ಅಕ್ಷರ ನೋಡಿದರೆ ಗೊತ್ತಾಗುತ್ತದೆ: ಪಿ ಅಂದರೆ ವ್ಯಕ್ತಿ, ಎಚ್ ಅಂದರೆ ಹಿಂದೂ ಅವಿಭಕ್ತ ಕುಟುಂಬ, ಎಫ್ ಅಂದರೆ ಫರ್ಮ್, ಸಿ ಅಂದರೆ ಕಂಪನಿ. ಒಬ್ಬರೇ ನಡೆಸುವ ವ್ಯವಹಾರವಾದರೆ ಪ್ಯಾನ್ ಅರ್ಜಿಯಲ್ಲಿ ಗಂಡೋ ಹೆಣ್ಣೋ ಎಂದು ಬರೆದೇ ಇರುತ್ತಾರೆ. ಫರ್ಮ್, ಕಂಪನಿಗೆ ಬಂದಾಗ ಆ ಎಳೆ ಕಡಿದು ಹೋಗುತ್ತದೆ. ಕಂಪನಿಗೆ ಲಿಂಗ ಇಲ್ಲವಲ್ಲ!

ಸರಿ, ಮಾಲೀಕರ ಹೆಸರು ನೋಡಿ ಎಣಿಸೋಣ ಎನ್ನುತ್ತೀರಾ? ನಮ್ಮ ಕೊಡಗಿನಲ್ಲಿ ಅದೂ ಮೋಸವೇ. ನಮ್ಮ ಮನೆಯದೇ ಹೇಳುತ್ತೇನೆ. ಮಾವ ಸೈನ್ಯದಲ್ಲಿದ್ದರು. ವರ್ಷಕ್ಕೊಮ್ಮೆ ರಜೆಗೆ ಬರುತ್ತಿದ್ದರು. ಕಾಫಿ ಹೂ ಅರಳಿಸುವ ಹೂಮಳೆ ಬಾರದಿದ್ದರೆ ಕೆರೆಯಿಂದ ನೀರು ಹಾಯಿಸುವುದು, ಚಿಗುರು ತೆಗೆಸುವುದು, ಕೊಯ್ಲಿಗೆ ಆಳು ಹುಡುಕುವುದು, ಕಣದಲ್ಲಿ ಚೆರ್ರಿ ಕಾಯುವುದು, ಎಲ್ಲ ಅತ್ತೆಯೇ. ಆಗ ಇನ್ನೂ ಕಾಫಿ ಬೋರ್ಡಿನ ಪೂಲ್ ಕಾಲ. ಬೆಳೆದದ್ದನ್ನು ಪೂಲ್‌ಗೆ, ಅಂದರೆ ಎಲ್ಲರ ಕಾಫಿ ಒಟ್ಟು ಸೇರಿಸಿ ಬೋರ್ಡೇ ಮಾರುವ ವ್ಯವಸ್ಥೆಗೆ ಹಾಕಬೇಕು, ದುಡ್ಡು ಕಂತಿನಲ್ಲಿ ಬರುತ್ತಿತ್ತು. ಜಾಗ ಮಾವನ ಹೆಸರಲ್ಲಿ, ಹಾಗಾಗಿ ಚೀಟಿಯೂ ಮಾವನ ಹೆಸರಲ್ಲಿ. ಇಪ್ಪತ್ತು ವರ್ಷ ರಫ್ತಿಗೆ ಕಾಫಿ ಬೆಳೆದ ಹೆಂಗಸು ಯಾವ ಲೆಕ್ಕದಲ್ಲೂ ಇಲ್ಲ.

ಇದರ ಉಲ್ಟಾನೂ ಇದೆ. ಪರಿಚಯದ ಒಬ್ಬರ ಮನೆಯಲ್ಲಿ ಫರ್ಮ್ ಹೆಂಡತಿಯ ಹೆಸರಲ್ಲಿದೆ. ಚೆಕ್ಕಿಗೆ ಸಹಿ ಹಾಕುವುದು ಬಿಟ್ಟರೆ ಆಕೆಗೆ ಆ ದಿನದ ರೇಟೂ ಗೊತ್ತಿಲ್ಲ. ಮಹಿಳಾ ಉದ್ಯಮಿಗಳ ಪಟ್ಟಿಗೆ ಆಕೆ ಬರುತ್ತಾಳೆ, ನಮ್ಮತ್ತೆ ಬರುವುದಿಲ್ಲ. ಹೇಗಿದೆ ಲೆಕ್ಕ!

2015-16ರ ಕೃಷಿ ಗಣತಿಯಂತೆ ದೇಶದ ಹಿಡುವಳಿಗಳಲ್ಲಿ ಹೆಂಗಸರು ನಡೆಸುವುದು ಸುಮಾರು ಶೇ 14. ಇನ್ನೊಂದು ಕಡೆ, ಅಂತರರಾಷ್ಟ್ರೀಯ ಕಾಫಿ ಸಂಸ್ಥೆ 2018ರಲ್ಲಿ ಹೇಳಿದ್ದು: ಪ್ರಪಂಚದ ಕಾಫಿ ಬೆಳೆಯುವ ದುಡಿಮೆಯಲ್ಲಿ ಶೇ 70ರವರೆಗೆ ಹೆಂಗಸರದ್ದು. ಇವೆರಡೂ ಬೇರೆ ಬೇರೆ ಲೆಕ್ಕ, ಒಂದರ ಪಕ್ಕ ಒಂದು ಇಟ್ಟು ಕಳೆಯಲಾಗದು. ಆದರೆ ಮಾಲೀಕರನ್ನು ಎಣಿಸಿದರೆ ಒಂದು ಚಿತ್ರ, ಕೈಗಳನ್ನು ಎಣಿಸಿದರೆ ಇನ್ನೊಂದು ಅನ್ನುವುದು ಗೊತ್ತಾಗುತ್ತದೆ.

2017ರ ಡಿಸೆಂಬರಿನಲ್ಲಿ ಬ್ಯೂನಸ್ ಐರಿಸ್‌ನಲ್ಲಿ ವಿಶ್ವ ವ್ಯಾಪಾರ ಸಂಸ್ಥೆಯ ಸಭೆ ನಡೆದಾಗ 118 ದೇಶಗಳು ಹೆಂಗಸರು ಮತ್ತು ವ್ಯಾಪಾರದ ಬಗ್ಗೆ ಒಂದು ಘೋಷಣೆಗೆ ಒಪ್ಪಿದವು. ಹೆಣ್ಣು ಗಂಡು ಬೇರೆ ಮಾಡಿ ಅಂಕಿಅಂಶ ಕೂಡಿಸುವ ವಿಧಾನಗಳನ್ನು ಹಂಚಿಕೊಳ್ಳುವುದೂ ಅದರಲ್ಲಿತ್ತು. ಭಾರತ ಸೇರಲಿಲ್ಲ. ಇದು ವ್ಯಾಪಾರ ಸಂಸ್ಥೆಯ ವಿಷಯವಲ್ಲ ಎನ್ನುವುದು ನಮ್ಮ ನಿಲುವು. ನನಗೆ ಆ ಅನುಮಾನ ಅರ್ಥವಾಗುತ್ತದೆ. ಇಂದು ಲೆಕ್ಕ ಕೇಳಿದವರು ನಾಳೆ ಅದೇ ಲೆಕ್ಕ ತೋರಿಸಿ ನಮ್ಮ ಸರಕಿಗೆ ಬಾಗಿಲು ಹಾಕಬಹುದು. ಆದರೆ 2025ರಲ್ಲಿ ಬ್ರಿಟನ್ ಜೊತೆ ಭಾರತ ಸಹಿ ಮಾಡಿದ ವ್ಯಾಪಾರ ಒಪ್ಪಂದದಲ್ಲಿ ಲಿಂಗ ಸಮಾನತೆಗೇ ಒಂದು ಅಧ್ಯಾಯ ಇದೆ. ಅಂದಮೇಲೆ ನಮ್ಮ ಮನೆಯ ಲೆಕ್ಕ ನಾವೇ ಇಟ್ಟುಕೊಳ್ಳಲು ಏನು ಅಡ್ಡಿ?

ಕಷ್ಟ ಎನ್ನಬೇಡಿ. ಕಾಡು ಕಡಿದು ಬೆಳೆದ ಕಾಫಿ ಅಲ್ಲಿಗೆ ಬರಬಾರದೆಂಬ ಯುರೋಪಿನ ಅರಣ್ಯನಾಶ ತಡೆ ಕಾನೂನು ಬಂದಿದ್ದೇ ತಡ, ತೋಟದ ಅಕ್ಷಾಂಶ ರೇಖಾಂಶ ಕೊಡಿ ಎಂದು ನಮ್ಮ ಬೆನ್ನು ಬಿದ್ದರು. 4 ಹೆಕ್ಟೇರ್ ದಾಟಿದರೆ ತೋಟದ ಸುತ್ತಲಿನ ಗಡಿಯನ್ನೇ ಗುರುತು ಮಾಡಿ ಕೊಡಬೇಕು. ಜಾರಿಯ ದಿನ ಮುಂದೆ ಹೋಗಿರಬಹುದು, ಮೊಬೈಲ್ ಹಿಡಿದು ತೋಟ ಸುತ್ತಿದ್ದಂತೂ ನಿಜ. ತೋಟದ ನೆರಳಿನ ಮರ ಸಿಲ್ವರ್ ಓಕ್ ನಿಂತಿರುವ ಜಾಗ ಉಪಗ್ರಹಕ್ಕೆ ಗೊತ್ತು. ಅದರಡಿ ಹಣ್ಣು ಕುಯ್ಯುವವಳು ಗೊತ್ತಿಲ್ಲ.

ನನ್ನ ಮಟ್ಟಿಗೆ ಹೊಸ ಫಾರಂ ಬೇಡವೇ ಬೇಡ. ಇರುವ ಪುಸ್ತಕಗಳನ್ನು ಒಂದಕ್ಕೊಂದು ಜೋಡಿಸಿದರೆ ಸಾಕು. ಕ್ಯೂರಿಂಗ್ ವರ್ಕ್ಸ್‌ನ ಪಿಎಫ್ ದಾಖಲೆಯಲ್ಲಿ ಹೆಣ್ಣು ಗಂಡು ಇದೆ. ಕಂಪನಿಯ ಪ್ಯಾನ್ ಇದೆ. ಅದೇ ಪ್ಯಾನ್ ಐಇಸಿ ಆಗಿ ಶಿಪ್ಪಿಂಗ್ ಬಿಲ್‌ನಲ್ಲಿ ಕೂತಿದೆ. ಕೆಲವು ದೇಶಗಳು ಕಸ್ಟಮ್ಸ್ ದಾಖಲೆಯನ್ನು ಉದ್ಯೋಗದ ದಾಖಲೆಗೆ ಹೀಗೆಯೇ ಜೋಡಿಸಿ ಲೆಕ್ಕ ಹಾಕುತ್ತವೆ. ಪಿಎಫ್ ಇಲ್ಲದೆ ಕೆಜಿ ಲೆಕ್ಕಕ್ಕೆ ಕುಯ್ಯುವವರು ಆಗಲೂ ಹೊರಗೇ ಉಳಿಯುತ್ತಾರೆ, ಗೊತ್ತು. ಅವರಿಗೆ ತೋಟದಲ್ಲೇ ಶುರು ಮಾಡಬೇಕು. ಈ ಸಲ ನಮ್ಮ ಪುಸ್ತಕದಲ್ಲಿ ಹೆಂಗಸರು, ಗಂಡಸರು ಎಂದು ಎರಡು ಕಾಲಂ ಎಳೆದಿದ್ದೇನೆ. ಕೂಲಿ ಪಡೆಯುವವರನ್ನು ಮಾತ್ರ ಬರೆದದ್ದರಿಂದ ನನ್ನ ಹೆಸರೇ ಬಿಟ್ಟುಹೋಗಿತ್ತು, ಆಮೇಲೆ ಸೇರಿಸಿದೆ.

ಆ ಕ್ಯೂರಿಂಗ್ ವರ್ಕ್ಸ್‌ನಲ್ಲಿ ಬಣ್ಣ ನೋಡಿ ಬೀಜ ವಿಂಗಡಿಸುವ ಯಂತ್ರ ಈಗಾಗಲೇ ಒಂದಿದೆ. ಬರುವ ವರ್ಷ ಇನ್ನೊಂದು ಬರುತ್ತದಂತೆ. ರಫ್ತಿನ ಟನ್ ಜಾಸ್ತಿಯಾಗಬಹುದು, ಪತ್ರಿಕೆಯಲ್ಲೂ ಬರಬಹುದು. ಶೆಡ್‌ನ ಸಾಲು ಚಿಕ್ಕದಾದರೆ ಯಾರಿಗೆ ಗೊತ್ತಾಗಬೇಕು? ಹೊರಡುವ ಮುಂಚೆ ಬಾಗಿಲ ಬಳಿ ನಿಂತು ನಾನೇ ಎಣಿಸಿದೆ. 34 ಜನ.