88ನೇ ನಂಬರ್ ಜೆರ್ಸಿಯ ನ್ಯಾಯಮೂರ್ತಿ

ಅಮೆರಿಕನ್ ಫುಟ್‌ಬಾಲ್ ನೋಡುವವರು ನಮ್ಮಲ್ಲಿ ಕಡಿಮೆ. ನೋಡುವವರಿಗೂ ಗೊತ್ತಿರುವುದು ನಾಲ್ಕೈದು ಕ್ವಾರ್ಟರ್‌ಬ್ಯಾಕ್‌ಗಳ ಹೆಸರು, ಲೀಗ್‌ನ ಫೈನಲ್ ಪಂದ್ಯ ಸೂಪರ್ ಬೌಲ್ ದಿನದ ಹಾಡು ಕುಣಿತ, ಅಷ್ಟೇ. ಡಿಫೆನ್ಸ್‌ನಲ್ಲಿ ಆಡಿದವರನ್ನಂತೂ ಕೇಳುವವರೇ ಇಲ್ಲ. ಕಬಡ್ಡಿಯಲ್ಲಿ ರೈಡರ್‌ಗೆ ಬೀಳುವ ಶಿಳ್ಳೆ, ಅವನ ಕಾಲು ಹಿಡಿದು ಕೆಡವಿದವನಿಗೆ ಬೀಳಲ್ಲ, ಅಲ್ವಾ? ಅಲ್ಲಿಯೂ ಹಾಗೇ. ಆದರೆ ನಾನು ತುಂಬಾ ಗೌರವಿಸುವ ಆಟಗಾರ ಒಬ್ಬ ಡಿಫೆನ್ಸಿವ್ ಟ್ಯಾಕಲ್. ಹೆಸರು ಅಲನ್ ಪೇಜ್. ಅಮೆರಿಕನ್ ಫುಟ್‌ಬಾಲ್‌ನ ದೊಡ್ಡ ವೃತ್ತಿಪರ ಲೀಗ್ ಎನ್‌ಎಫ್‌ಎಲ್‌ನಲ್ಲಿ 15 ಸೀಸನ್ ಆಡಿದವರು. ಆಡುತ್ತಲೇ ಕಾನೂನು ಓದಿದವರು. ಆಮೇಲೆ ಮಿನ್ನೆಸೋಟ ರಾಜ್ಯದ ಸುಪ್ರೀಂ ಕೋರ್ಟ್‌ನಲ್ಲಿ 22 ವರ್ಷ ನ್ಯಾಯಮೂರ್ತಿಯಾಗಿದ್ದವರು.

ಇಂಥ ಕಥೆ ಸಿಕ್ಕರೆ 'ಛಲ ಇದ್ದರೆ ಎಲ್ಲವೂ ಸಾಧ್ಯ' ಅಂತ ಒಂದು ಪೋಸ್ಟರ್ ಮಾಡಿ, ಹಂಚಿ, ಮರೆತುಬಿಡುತ್ತೇವೆ. ನಾನು ಅದಕ್ಕಾಗಿ ಬರೆಯುತ್ತಿಲ್ಲ. ಚೆನ್ನಾಗಿ ಆಡುವ ಮಕ್ಕಳಿಗೆ ನಾವು ಓದಿನಲ್ಲಿ ವಿನಾಯಿತಿ ಕೊಡುತ್ತೇವಲ್ಲ, ಅದು ಆ ಮಕ್ಕಳಿಗೆ ಮಾಡುವ ದ್ರೋಹ ಅಂತ ಪೇಜ್ ಬಗ್ಗೆ ಓದುತ್ತಾ ಹೋದ ಹಾಗೆ ನನಗೆ ಗಟ್ಟಿಯಾಗಿ ಅನ್ನಿಸಿದೆ. ಅದನ್ನು ಹೇಳಬೇಕು.

ಪೇಜ್ ಹುಟ್ಟಿದ್ದು 1945ರಲ್ಲಿ, ಒಹಾಯೊ ರಾಜ್ಯದ ಕ್ಯಾಂಟನ್‌ನಲ್ಲಿ. ಉಕ್ಕಿನ ಕಾರ್ಖಾನೆಗಳ ಊರು. ಕಪ್ಪು ಜನರ ಮನೆಯ ಹುಡುಗ ದೊಡ್ಡವನಾದರೆ ಆ ಕಾರ್ಖಾನೆಗೇ ಹೋಗಬೇಕು ಅನ್ನುವಂಥ ಕಾಲ. 1954ರಲ್ಲಿ ಬ್ರೌನ್ ಮೊಕದ್ದಮೆಯ ತೀರ್ಪು ಬಂತು. ಬಣ್ಣ ನೋಡಿ ಮಕ್ಕಳನ್ನು ಬೇರೆ ಬೇರೆ ಸರ್ಕಾರಿ ಶಾಲೆಗಳಲ್ಲಿ ಕೂರಿಸುವಂತಿಲ್ಲ ಅಂತ ಅಮೆರಿಕದ ಸುಪ್ರೀಂ ಕೋರ್ಟ್ ಹೇಳಿತು. ಪೇಜ್‌ಗೆ ಆಗ 8 ವರ್ಷ. ಕಾನೂನಿಗೆ ಇಷ್ಟು ಶಕ್ತಿ ಇದೆ ಅನ್ನುವುದು ಆ ವಯಸ್ಸಿನಲ್ಲೇ ತಲೆಗೆ ಹೊಕ್ಕಿತು. ವಕೀಲನಾಗಬೇಕು ಅನ್ನುವ ಆಸೆ ಮೊದಲು ಬಂದಿದ್ದು, ಫುಟ್‌ಬಾಲ್ ಆಮೇಲೆ. ಇದನ್ನು ನೆನಪಿಟ್ಟುಕೊಳ್ಳಿ. ಆಟ ಮುಗಿದ ಮೇಲೆ ಹೊತ್ತು ಕಳೆಯಲು ಹಿಡಿದ ದಾರಿ ಆಗಿರಲಿಲ್ಲ ಅದು.

ಹೈಸ್ಕೂಲು ದಿನಗಳಲ್ಲಿ ಅವರು ಒಂದು ಕಟ್ಟಡದ ಕೆಲಸಕ್ಕೆ ಹೋಗಿದ್ದರು. ಆ ಕಟ್ಟಡ ಯಾವುದು ಗೊತ್ತಾ? 1963ರಲ್ಲಿ ಕ್ಯಾಂಟನ್‌ನಲ್ಲಿ ತೆರೆದ, ಈ ಆಟದ ದಿಗ್ಗಜರನ್ನು ಗೌರವಿಸುವ ಪ್ರೊ ಫುಟ್‌ಬಾಲ್ ಹಾಲ್ ಆಫ್ ಫೇಮ್. 25 ವರ್ಷ ಕಳೆದ ಮೇಲೆ, 1988ರಲ್ಲಿ, ಅದೇ ಕಟ್ಟಡದೊಳಗೆ ಅವರ ಪ್ರತಿಮೆ ಇಟ್ಟರು.

ನಡುವೆ ನಡೆದ ಆಟದ ಬಗ್ಗೆ ಸ್ವಲ್ಪ ಹೇಳಲೇಬೇಕು. ಚೆಂಡು ಹಿಡಿದ ತಂಡ ನಾಲ್ಕು ಪ್ರಯತ್ನದೊಳಗೆ 10 ಗಜ ಮುಂದೆ ಹೋಗಬೇಕು. ಹೋದರೆ ಮತ್ತೆ ನಾಲ್ಕು ಅವಕಾಶ. ಆಟ ನಡೆಸುವವನು ಕ್ವಾರ್ಟರ್‌ಬ್ಯಾಕ್. ಅವನ ಮುಂದೆ ಕಾವಲಿಗೆ ದೈತ್ಯರ ಸಾಲು. ಆ ಸಾಲಿನ ನಡುವೆ ನುಗ್ಗಿ, ಚೆಂಡು ಎಸೆಯುವ ಮೊದಲೇ ಕ್ವಾರ್ಟರ್‌ಬ್ಯಾಕ್‌ನನ್ನು ಕೆಡವುವುದು ಡಿಫೆನ್ಸಿವ್ ಟ್ಯಾಕಲ್‌ನ ಕೆಲಸ. ಸಾಮಾನ್ಯವಾಗಿ ಆ ಜಾಗಕ್ಕೆ ತೂಕ ಇರುವವರನ್ನು ಹಾಕುತ್ತಾರೆ. ಪೇಜ್ ಬಲ ಇದ್ದದ್ದು ವೇಗದಲ್ಲಿ. ಎದುರಿಗಿರುವವನು ಸೊಂಟ ಎತ್ತುವಷ್ಟರಲ್ಲಿ ಇವರು ಅವನ ಪಕ್ಕದಿಂದ ದಾಟಿ ಹೋಗಿರುತ್ತಿದ್ದರು. 1971ರ ಡೆಟ್ರಾಯ್ಟ್ ವಿರುದ್ಧದ ಒಂದು ಪಂದ್ಯದ ಕ್ಲಿಪ್ ಇದೆ. ಪೇಜ್ ಮೇಲೆ ಪೆನಾಲ್ಟಿ ಬೀಳುತ್ತದೆ, ಅವರಿಗೆ ಸಿಟ್ಟು ನೆತ್ತಿಗೇರುತ್ತದೆ. ಆಮೇಲೆ ನೋಡಬೇಕು. ಚೆಂಡು ಚಲಿಸಿದ್ದೇ ತಡ, ಮತ್ತೆ ಮತ್ತೆ ಒಬ್ಬನೇ ಮನುಷ್ಯ ಇಡೀ ಸಾಲನ್ನು ಒಡೆದು ಒಳಗೆ ಬರುತ್ತಾನೆ. ಎದುರಾಳಿಗಳ ಹತ್ತಿರ ಅದಕ್ಕೆ ಉತ್ತರವೇ ಇಲ್ಲ.

ನೋಟ್ರೆ ಡೇಮ್ ವಿಶ್ವವಿದ್ಯಾಲಯದಲ್ಲಿ ರಾಜ್ಯಶಾಸ್ತ್ರ ಓದಿ, 1966ರಲ್ಲಿ ಅಲ್ಲಿನ ತಂಡದೊಂದಿಗೆ ರಾಷ್ಟ್ರೀಯ ಚಾಂಪಿಯನ್ ಆಗಿ, 1967ರಲ್ಲಿ ಎನ್‌ಎಫ್‌ಎಲ್‌ನ ಮಿನ್ನೆಸೋಟ ವೈಕಿಂಗ್ಸ್ ತಂಡ ಸೇರಿದರು. ಅಲ್ಲಿ ಕಾರ್ಲ್ ಎಲ್ಲರ್, ಜಿಮ್ ಮಾರ್ಷಲ್, ಗ್ಯಾರಿ ಲಾರ್ಸೆನ್, ಪೇಜ್, ಈ ನಾಲ್ವರ ಸಾಲಿಗೆ ಜನ ಇಟ್ಟ ಹೆಸರು 'ಪರ್ಪಲ್ ಪೀಪಲ್ ಈಟರ್ಸ್'. ಬಯಲು ಸ್ಟೇಡಿಯಂ, ಮೈ ಕೊರೆಯುವ ಚಳಿ. ಕೋಚ್ ಬಡ್ ಗ್ರಾಂಟ್ ತಮ್ಮ ಹುಡುಗರ ಪಕ್ಕ ಒಂದು ಹೀಟರ್ ಇಡಲೂ ಬಿಡುತ್ತಿರಲಿಲ್ಲ. 1971ರಲ್ಲಿ ಪೇಜ್ ಇಡೀ ಲೀಗ್‌ನ ಅತ್ಯುತ್ತಮ ಆಟಗಾರ, ಅಂದರೆ ಎಂವಿಪಿ, ಆದರು. ಸುದ್ದಿಸಂಸ್ಥೆ ಅಸೋಸಿಯೇಟೆಡ್ ಪ್ರೆಸ್ ಕೊಡುವ ಆ ಪ್ರಶಸ್ತಿ ಡಿಫೆನ್ಸ್ ಆಟಗಾರನಿಗೆ ಸಿಕ್ಕಿದ್ದು ಅದೇ ಮೊದಲು. ಅವರ ನಂತರ ಡಿಫೆನ್ಸ್‌ನವರಲ್ಲಿ ಅದನ್ನು ಪಡೆದವರು ಒಬ್ಬರೇ, 1986ರಲ್ಲಿ ಲಾರೆನ್ಸ್ ಟೇಲರ್. ಸೂಪರ್ ಬೌಲ್ ಮಾತ್ರ ಕೈಗೆ ಸಿಗಲಿಲ್ಲ. ನಾಲ್ಕು ಸಲ ಫೈನಲ್‌ಗೆ ಹೋಗಿ ನಾಲ್ಕೂ ಸೋತರು. ಆದರೂ 15 ಸೀಸನ್‌ಗಳಲ್ಲಿ ಲೀಗ್‌ನ 218 ಪಂದ್ಯ, ಒಂದನ್ನೂ ತಪ್ಪಿಸಲಿಲ್ಲ. ಆ ಜಾಗದಲ್ಲಿ ಆಡಿ ಮಂಡಿ, ಭುಜ ಉಳಿಸಿಕೊಳ್ಳುವುದೇ ದೊಡ್ಡದು. ಇದಂತೂ ನನಗೆ ಇನ್ನೂ ನಂಬಲಾಗುವುದಿಲ್ಲ.

ಈಗ ಮುಖ್ಯ ವಿಷಯಕ್ಕೆ ಬರುತ್ತೇನೆ.

ವೈಕಿಂಗ್ಸ್‌ನಲ್ಲಿದ್ದಾಗ ಒಮ್ಮೆ ಡಿಫೆನ್ಸಿವ್ ಲೈನ್ ಆಟಗಾರರ ಮೀಟಿಂಗ್. ಎಲ್ಲರ ಕೈಯಲ್ಲೂ ಪ್ಲೇಬುಕ್. ಯಾವ ಸಂದರ್ಭದಲ್ಲಿ ಯಾರು ಎಲ್ಲಿ ನಿಲ್ಲಬೇಕು, ಹೇಗೆ ನುಗ್ಗಬೇಕು ಅಂತ ಬರೆದಿರುವ ಪುಸ್ತಕ ಅದು. ಕೋಚ್ ಒಬ್ಬೊಬ್ಬರಿಂದ ಜೋರಾಗಿ ಓದಿಸಿದರು. ಕೆಲವರು ಓದಿದರು. ಕೆಲವರಿಗೆ ಆಗಲಿಲ್ಲ. ತಡವರಿಸಿದರು, ಅಕ್ಷರ ಕೂಡಿಸಿದರು, ನಿಂತರು. ಆ ಕೋಣೆಯನ್ನು ಸುಮ್ನೆ ಕಣ್ಣಮುಂದೆ ತಂದುಕೊಳ್ಳಿ. ಸಾವಿರಾರು ಜನರ ಮುಂದೆ ಹೆದರದೆ ಆಡಿದ ಗಂಡಸರು. ಹೈಸ್ಕೂಲು ಮುಗಿಸಿ ಕಾಲೇಜಿಗೂ ಹೋಗಿ ಬಂದವರು. ಎಷ್ಟು ಜನ ಮೇಷ್ಟ್ರು ಅವರನ್ನು 'ಪಾಸ್' ಅಂತ ಮುಂದಕ್ಕೆ ತಳ್ಳಿರಬೇಕು! ಯಾರೂ ಒಂದು ದಿನ ಪಕ್ಕದಲ್ಲಿ ಕೂರಿಸಿಕೊಂಡು ಓದಲು ಕಲಿಸಲಿಲ್ಲ. ಶನಿವಾರದ ಮ್ಯಾಚ್ ಗೆಲ್ಲಿಸಿಕೊಟ್ಟರೆ ಸಾಕಿತ್ತು.

1988ರಲ್ಲಿ ಹಾಲ್ ಆಫ್ ಫೇಮ್ ಭಾಷಣಕ್ಕೆ ನಿಂತಾಗ ಪೇಜ್ ಮಾತಾಡಿದ್ದು ಶಿಕ್ಷಣದ ಬಗ್ಗೆ. ಅಲ್ಲಿ ಪ್ರತಿಯೊಬ್ಬ ಆಟಗಾರನನ್ನೂ ಒಬ್ಬರು ಪರಿಚಯ ಮಾಡಿಕೊಡುತ್ತಾರೆ. ಸಾಮಾನ್ಯವಾಗಿ ಹಳೆಯ ಕೋಚ್ ಅಥವಾ ಜೊತೆಗೆ ಆಡಿದವರು. ಪೇಜ್ ಕರೆತಂದದ್ದು ಮಿನ್ನಿಯಾಪೊಲಿಸ್‌ನ ಒಂದು ಹೈಸ್ಕೂಲಿನ ಪ್ರಿನ್ಸಿಪಾಲ್ ಮೇಡಂ ಅವರನ್ನು. ನೋಡಿ, ಎಲ್ಲರ ಕಣ್ಣೂ ತನ್ನ ಮೇಲಿರುವ ಆ ಒಂದು ದಿನ, ಜೊತೆಗೆ ಯಾರನ್ನು ನಿಲ್ಲಿಸಿಕೊಳ್ಳಬೇಕು ಅನ್ನುವುದನ್ನು ಅವರು ಎಷ್ಟು ಯೋಚಿಸಿ ಆರಿಸಿದರು!

ನಮ್ಮಲ್ಲೂ ಇದೇ ಕಥೆ. ನಮ್ಮ ಅಣ್ಣನ ಮಗ ವಾಲಿಬಾಲ್ ಚೆನ್ನಾಗಿ ಆಡುತ್ತಿದ್ದ. ಎಂಟನೇ ಕ್ಲಾಸಿಗೆ ಬಂದ ಮೇಲೆ ಪುಸ್ತಕ ಮುಟ್ಟುವುದೇ ಕಡಿಮೆಯಾಯಿತು. ಅಣ್ಣ ಶಾಲೆಗೆ ಹೋಗಿ ವಿಚಾರಿಸಿದರೆ ಬಂದ ಉತ್ತರ, 'ಬಿಡಿ ಸರ್, ಅವನು ಆಟದ ಹುಡುಗ, ಅಟೆಂಡೆನ್ಸ್ ನಾವು ನೋಡ್ಕೋತೀವಿ, ಪಾಸ್ ಆಗ್ತಾನೆ.' ಹೇಳಿದವರು ಕೆಟ್ಟವರಲ್ಲ. ಹುಡುಗನ ಮೇಲೆ ಪ್ರೀತಿ ಇಟ್ಟೇ ಹೇಳಿದ್ದು. ಮನೆಯಲ್ಲೂ ಎಲ್ಲರಿಗೂ ಸಮಾಧಾನವಾಯಿತು. ಹತ್ತನೇ ಕ್ಲಾಸಿನ ವರ್ಷ ಮಂಡಿಗೆ ಪೆಟ್ಟಾಗಿ ಆಟ ನಿಂತಿತು. ಅವತ್ತಿಗೆ ಅವನ ಕೈಯಲ್ಲಿ ಆಟವೂ ಇರಲಿಲ್ಲ, ಓದೂ ಇರಲಿಲ್ಲ. 'ಚಿಕ್ಕಪ್ಪ, ಇಂಗ್ಲಿಷ್ ಪ್ಯಾರಾ ನೋಡಿದ್ರೆ ಭಯ ಆಗುತ್ತೆ' ಅಂದ. ಆ ಭಯ ಹೋಗಲಾಡಿಸಲು ಈಗಲೂ ಒದ್ದಾಡುತ್ತಿದ್ದಾನೆ.

ಓದಿಕೊಂಡು ಆಡಿದವರು ನಮ್ಮಲ್ಲಿ ಇಲ್ಲವಾ ಅಂತ ಕೇಳಬಹುದು. ಇದ್ದಾರೆ. ಇ.ಎ.ಎಸ್. ಪ್ರಸನ್ನ 1962ರಲ್ಲಿ ಟೆಸ್ಟ್ ಆಡಿ, ಇಂಜಿನಿಯರಿಂಗ್ ಮುಗಿಸಲು ಹೋಗಿ, ಮತ್ತೆ ಭಾರತ ತಂಡಕ್ಕೆ ಬಂದಿದ್ದು 1967ರಲ್ಲಿ. ಶ್ರೀನಾಥ್, ಕುಂಬ್ಳೆ ಇಬ್ಬರೂ ಇಂಜಿನಿಯರ್‌ಗಳು. ಆದರೆ ಅಂಥ ಉದಾಹರಣೆ ಕೊಟ್ಟು ಸುಮ್ಮನಾಗುವುದು ಸರಿಯಲ್ಲ. ಓದು ಬಿಡುವ ಮಾತೇ ಇಲ್ಲದ ಮನೆಗಳ ಮಕ್ಕಳಿಗೆ ಆ ದಾರಿ ಸಿಗುತ್ತದೆ. ಹಳ್ಳಿಯಿಂದ ಆಟದ ಬಲದ ಮೇಲೆ ಹಾಸ್ಟೆಲ್ ಸೇರುವ ಹುಡುಗ ಹುಡುಗಿಯರ ಹಿಂದೆ ಯಾರು ನಿಲ್ಲುತ್ತಾರೆ? ಅವರ ಅಪ್ಪ ಅಮ್ಮ ಶಾಲೆಯವರ ಮಾತನ್ನೇ ನಂಬಿರುತ್ತಾರೆ.

ಪೇಜ್ ಓದು ಕೂಡ ಸಲೀಸಾಗಿ ಆಗಲಿಲ್ಲ. ಆಟಕ್ಕೆ ಬಂದ ಶುರುವಿನಲ್ಲೇ ಒಂದು ಲಾ ಕಾಲೇಜು ಸೇರಿ ಸ್ವಲ್ಪ ದಿನಕ್ಕೇ ಬಿಟ್ಟರು. ಆಮೇಲೆ ಆಟಗಾರರ ಸಂಘದಲ್ಲಿ ಪ್ರತಿನಿಧಿಯಾದರು. ಆಗೆಲ್ಲ ಆಟಗಾರ ತನಗೆ ಬೇಕಾದ ತಂಡಕ್ಕೆ ಹೋಗುವುದು ಸುಲಭವಿರಲಿಲ್ಲ. ಒಪ್ಪಂದ ಮುಗಿದರೂ ಹಳೆಯ ತಂಡಕ್ಕೆ ಪರಿಹಾರ ಕಟ್ಟಿಕೊಡದೆ ಹೊಸಬರು ಕರೆದುಕೊಳ್ಳುವಂತಿರಲಿಲ್ಲ. 1974ರಲ್ಲಿ ಆಟಗಾರರು 'ಸ್ವಾತಂತ್ರ್ಯ ಇಲ್ಲದಿದ್ದರೆ ಫುಟ್‌ಬಾಲೂ ಇಲ್ಲ' ಅಂತ ಮುಷ್ಕರ ಹೂಡಿದರು. ಈ ಸಂಘದ ಕೆಲಸವೇ ಪೇಜ್‌ರನ್ನು ಮತ್ತೆ ಕಾನೂನಿನ ಕಡೆಗೆ ಎಳೆಯಿತು. ಮಿನ್ನೆಸೋಟ ವಿಶ್ವವಿದ್ಯಾಲಯದ ಲಾ ಸ್ಕೂಲ್ ಸೇರಿದರು. ಆಡುತ್ತಲೇ ಓದಿ 1978ರಲ್ಲಿ ಪದವಿ ಪಡೆದರು.

ಅದೇ 1978ರ ಅಕ್ಟೋಬರ್‌ನಲ್ಲಿ ವೈಕಿಂಗ್ಸ್ ಅವರನ್ನು ಕೈಬಿಟ್ಟಿತು. ಕಾರಣ ಓಟ. ಹೆಂಡತಿ ಡಯೇನ್ ಸಿಗರೇಟು ಬಿಡಲು ಓಡಲು ಶುರು ಮಾಡಿದ್ದರು, ಜೊತೆಗೆ ಇವರೂ ಓಡಿದರು, ಆಮೇಲೆ ಬಿಡಲಾಗಲಿಲ್ಲ. 110 ಕೆಜಿ ಇದ್ದವರು ಹತ್ತಿರ ಹತ್ತಿರ 100ಕ್ಕೆ ಇಳಿದರು. ಈ ತೂಕಕ್ಕೆ ಆ ಜಾಗದಲ್ಲಿ ಆಡಲಾಗಲ್ಲ ಅಂತ ತಂಡದವರ ಲೆಕ್ಕ. ಎಂವಿಪಿ ಆಗಿದ್ದ ಮನುಷ್ಯನನ್ನು ಶಿಕಾಗೊ ಬೇರ್ಸ್ ಕೇವಲ 100 ಡಾಲರ್ ಶುಲ್ಕ ಕಟ್ಟಿ ಕರೆದುಕೊಂಡಿತು. ಪೇಜ್ ಅಲ್ಲಿ 1981ರವರೆಗೆ ಚೆನ್ನಾಗಿಯೇ ಆಡಿದರು. 1979ರಲ್ಲಿ ಪೂರ್ತಿ ಮ್ಯಾರಥಾನ್ ಕೂಡ ಓಡಿ ಮುಗಿಸಿದರು. ಎನ್‌ಎಫ್‌ಎಲ್‌ನಲ್ಲಿ ಆಡುತ್ತಿರುವಾಗಲೇ ಹಾಗೆ ಓಡಿದ ಮೊದಲಿಗ ಅವರೇ. ತಂಡ ಕೈಬಿಟ್ಟ ದಿನ ಅವರ ಹತ್ತಿರ ಕಾನೂನು ಪದವಿ ಇತ್ತು. ನಮ್ಮ ಮಕ್ಕಳಿಗೆ ಇರಲಿ ಅಂತ ನಾನು ಬಯಸುವುದು ಆ ಧೈರ್ಯವನ್ನೇ.

ಕೋರ್ಟ್ ಕಡೆಗಿನ ದಾರಿಯಲ್ಲೂ ತಡೆ ಬಂತು. ಮಿನ್ನೆಸೋಟದಲ್ಲಿ ನ್ಯಾಯಮೂರ್ತಿಗಳು ಚುನಾವಣೆಗೆ ನಿಲ್ಲುತ್ತಾರೆ. 1992ರಲ್ಲಿ ಪೇಜ್ ಸ್ಪರ್ಧಿಸಲು ಹೊರಟಾಗ ಗವರ್ನರ್ ಹಾಲಿ ನ್ಯಾಯಮೂರ್ತಿಯ ಅವಧಿಯನ್ನೇ ಮುಂದುವರಿಸಿದರು. ಅಂದರೆ ಚುನಾವಣೆಯೇ ಇಲ್ಲ! ಪೇಜ್ ಅದನ್ನು ಕೋರ್ಟ್‌ನಲ್ಲಿ ಪ್ರಶ್ನಿಸಿ ಗೆದ್ದರು. ಚುನಾವಣೆ ನಡೆಯಿತು, ಅದನ್ನೂ ಗೆದ್ದರು. ಆ ಪೀಠಕ್ಕೆ ಬಂದ ಮೊದಲ ಆಫ್ರಿಕನ್ ಅಮೆರಿಕನ್ ಅವರು. 2015ರಲ್ಲಿ 70 ತುಂಬಿದಾಗ ನಿಯಮದಂತೆ ನಿವೃತ್ತರಾದರು.

1988ರಲ್ಲೇ ಅವರು ಡಯೇನ್ ಜೊತೆ ಸೇರಿ ಪೇಜ್ ಎಜುಕೇಶನ್ ಫೌಂಡೇಶನ್ ಶುರು ಮಾಡಿದ್ದರು. ಕಪ್ಪು ಮತ್ತು ಇತರ ಅಲ್ಪಸಂಖ್ಯಾತ ಸಮುದಾಯಗಳ ವಿದ್ಯಾರ್ಥಿಗಳಿಗೆ ಕಾಲೇಜಿಗೆ ಹಣ ಕೊಡುತ್ತಾರೆ. ಒಂದು ಷರತ್ತು ಇದೆ. ಹಣ ಪಡೆದವರು ತಮಗಿಂತ ಚಿಕ್ಕ ಮಕ್ಕಳ ಓದಿಗೆ ಜೊತೆಯಾಗಬೇಕು. ಈ ಷರತ್ತು ನನಗೆ ತುಂಬಾ ಇಷ್ಟ. ಚಿಕ್ಕ ಮಗುವಿಗೆ ನ್ಯಾಯಮೂರ್ತಿಗಿಂತ, ಪಕ್ಕದ ಬೀದಿಯಿಂದ ಕಾಲೇಜಿಗೆ ಹೋಗುವ ಅಕ್ಕನ ಮಾತು ಬೇಗ ನಾಟುತ್ತದೆ. ಪೇಜ್ ತಾವೂ ಶಾಲೆಗಳಿಗೆ ಹೋಗುತ್ತಿದ್ದರು. ಮಕ್ಕಳ ಕಣ್ಣು ಮೊದಲು ಹೋಗುತ್ತಿದ್ದದ್ದು ಅವರ ಕಿರುಬೆರಳಿನ ಮೇಲೆ. ಆಟದಲ್ಲಿ ಪೆಟ್ಟಾಗಿ ಅದು ಪಕ್ಕಕ್ಕೆ ಲಂಬ ಕೋನದಲ್ಲಿ ಬಾಗಿಬಿಟ್ಟಿದೆ. ಮಗಳು ಕೇಮಿ ಶಾಲಾ ಶಿಕ್ಷಕಿ. ಅಪ್ಪ ಮಗಳು ಸೇರಿ ಆ ಬೆರಳಿನ ಮೇಲೇ ಮಕ್ಕಳ ಪುಸ್ತಕ ಬರೆದರು.

2017ರಲ್ಲಿ ಮಿನ್ನಿಯಾಪೊಲಿಸ್‌ನ ರ‍್ಯಾಮ್ಸೆ ಶಾಲೆಗೆ ಜಸ್ಟಿಸ್ ಪೇಜ್ ಮಿಡಲ್ ಸ್ಕೂಲ್ ಅಂತ ಹೆಸರು ಬಂತು. ಅಲೆಕ್ಸಾಂಡರ್ ರ‍್ಯಾಮ್ಸೆ ಮಿನ್ನೆಸೋಟದ ಹಳೆಯ ಗವರ್ನರ್. ಡಕೋಟ ಮೂಲನಿವಾಸಿಗಳನ್ನು ನಿರ್ನಾಮ ಮಾಡಬೇಕು, ಇಲ್ಲವೇ ರಾಜ್ಯದಿಂದ ಓಡಿಸಬೇಕು ಅಂತ 1862ರಲ್ಲಿ ಹೇಳಿದ್ದವರು. ಆ ಹೆಸರು ಬೇಡ ಅಂತ ಎದ್ದು ನಿಂತವರು ಅಲ್ಲಿನ ವಿದ್ಯಾರ್ಥಿಗಳೇ.

2020ರಲ್ಲಿ ಪೇಜ್ ಇನ್ನೊಂದು ಕೆಲಸಕ್ಕೆ ಕೈ ಹಾಕಿದರು. ಜೊತೆಗಿದ್ದವರು ಮಿನ್ನಿಯಾಪೊಲಿಸ್ ಫೆಡರಲ್ ರಿಸರ್ವ್ ಬ್ಯಾಂಕಿನ ಅಧ್ಯಕ್ಷ, ಭಾರತೀಯ ಮೂಲದ ನೀಲ್ ಕಶ್ಕರಿ. ಮಿನ್ನೆಸೋಟದ ಸಂವಿಧಾನದಲ್ಲಿ 1857ರಿಂದ ಇರುವುದು ಶಾಲೆಗಳ ವ್ಯವಸ್ಥೆ ಮಾಡುವುದು ಶಾಸನಸಭೆಯ ಕರ್ತವ್ಯ ಅನ್ನುವ ಮಾತು. ಗುಣಮಟ್ಟದ ಸಾರ್ವಜನಿಕ ಶಿಕ್ಷಣ ಪ್ರತಿ ಮಗುವಿನ ಮೂಲಭೂತ ಹಕ್ಕು ಅಂತ ಬರೆಯಿರಿ ಅನ್ನುವುದು ಇವರ ಬೇಡಿಕೆ. ಇದಕ್ಕೆ ಅಲ್ಲಿನ ಶಿಕ್ಷಕರ ಸಂಘವೇ ವಿರೋಧಿಸಿತು. ನಾನು ಪೇಜ್ ಕಡೆ.

ನಮ್ಮಲ್ಲಿ ಆ ಹಕ್ಕು ಬರವಣಿಗೆಯಲ್ಲಿ ಆಗಲೇ ಇದೆ. ಅದರ ಹಿಂದೆ ಕರ್ನಾಟಕದ ಒಂದು ಮೊಕದ್ದಮೆಯೂ ಇದೆ. ನಮ್ಮ ಮೆಡಿಕಲ್ ಕಾಲೇಜುಗಳ ಕ್ಯಾಪಿಟೇಶನ್ ಫೀ ವಿರುದ್ಧ ಮೋಹಿನಿ ಜೈನ್ ಹೂಡಿದ್ದ ದಾವೆಯಲ್ಲಿ, ಬದುಕುವ ಹಕ್ಕಿನಲ್ಲೇ ಶಿಕ್ಷಣದ ಹಕ್ಕೂ ಸೇರಿದೆ ಅಂತ ಸುಪ್ರೀಂ ಕೋರ್ಟ್ ಹೇಳಿದ್ದು 1992ರಲ್ಲಿ, ಪೇಜ್ ಚುನಾವಣೆ ಗೆದ್ದ ವರ್ಷವೇ. 2002ರಲ್ಲಿ ಸಂವಿಧಾನ ತಿದ್ದುಪಡಿ ಆಯಿತು, 2010ರಲ್ಲಿ ಶಿಕ್ಷಣ ಹಕ್ಕು ಕಾಯ್ದೆ ಜಾರಿಗೆ ಬಂತು. ಹಾಗಿದ್ದರೆ ಸ್ಪೋರ್ಟ್ಸ್ ಹಾಸ್ಟೆಲ್ ಮಗುವಿಗೆ ಸಿಗುವ ಶಿಕ್ಷಣಕ್ಕೆ ಲೆಕ್ಕ ಕೊಡುವವರು ಯಾರು? ಎಷ್ಟು ಮೆಡಲ್ ಬಂತು ಅಂತ ಕೇಳುವ ಅಧಿಕಾರಿಗಳು, ಎಷ್ಟು ಮಕ್ಕಳು ಒಂದು ಪುಟ ಓದಿ ಅರ್ಥ ಹೇಳುತ್ತಾರೆ ಅಂತ ಯಾಕೆ ಕೇಳಬಾರದು? ಬೆಳಗಿನ ಪ್ರಾಕ್ಟೀಸ್ ಮುಗಿಸಿ ಸುಸ್ತಾಗಿ ಕ್ಲಾಸಿನಲ್ಲಿ ತೂಕಡಿಸುವ ಮಗುವಿಗೆ ಸಂಜೆ ಒಂದು ಗಂಟೆ ಪಾಠ ಹೇಳಲು ಒಬ್ಬ ಮೇಷ್ಟ್ರನ್ನು ಹಾಕುವುದು ಸರ್ಕಾರಕ್ಕೆ ಅಷ್ಟು ಕಷ್ಟವೇ? ಪಂದ್ಯಕ್ಕೆ ಹೋಗಿ ಪಾಠ ತಪ್ಪಿದ ದಿನಗಳಿಗೆ ಅಟೆಂಡೆನ್ಸ್ ಕೊಡಿ, ತಕರಾರಿಲ್ಲ. ತಪ್ಪಿಹೋದ ಪಾಠವನ್ನೂ ಕೊಡಿ.

ನನ್ನ ಸ್ನೇಹಿತರಲ್ಲಿ ಪಿಟಿ ಮೇಷ್ಟ್ರುಗಳಿದ್ದೀರಿ, ಕೋಚ್‌ಗಳಿದ್ದೀರಿ, ಹಾಸ್ಟೆಲ್‌ನಲ್ಲಿ ಇದ್ದು ಆಡಿ ಬಂದವರೂ ಇದ್ದೀರಿ. ನಿಮ್ಮ ಊರಿನಲ್ಲಿ ಆಡುವ ಮಕ್ಕಳ ಓದನ್ನು ಯಾರು ನೋಡಿಕೊಳ್ಳುತ್ತಾರೆ, ಎಲ್ಲಾದರೂ ಚೆನ್ನಾಗಿ ನಡೆಯುತ್ತಿದ್ದರೆ ಹೇಗೆ ನಡೆಸುತ್ತಾರೆ, ದಯವಿಟ್ಟು ಬರೆಯಿರಿ. ಅದನ್ನೆಲ್ಲ ಒಟ್ಟು ಮಾಡಿ ನಮ್ಮ ಜಿಲ್ಲೆಯ ಕ್ರೀಡಾ ಇಲಾಖೆಗೆ ಒಂದು ಮನವಿ ಕೊಡಬೇಕು ಅಂತಿದ್ದೇನೆ. ಜೊತೆಗೆ ಬರುವವರು ಮೆಸೇಜ್ ಮಾಡಿ.